ಚಂದ್ರಿಕೆಯ ಮೇಲೆ ಮೋಟಾರ್ ಸೈಕಲ್

ಬೆಳಿಗ್ಗೆ ಐದು ಗಂಟೆಗೆ ಏಳುವವನಿಗೆ ಬದುಕಿನಲ್ಲಿ ಆಘಾತಗಳು ಕಡಿಮೆ ಎಂದು ನಾನು ಬಹಳ ಕಾಲ ನಂಬಿದ್ದೆ. ಆಘಾತವೆಂಬುದು ತಡವಾಗಿ ಏಳುವವರ ಕಾಯಿಲೆ, ಅವರು ಕಣ್ಣು ಬಿಡುವಷ್ಟರಲ್ಲಿ ಪ್ರಪಂಚ ಅವರಿಗೆ ಹೇಳದೆ ಏನೋ ಒಂದು ಮಾಡಿ ಮುಗಿಸಿರುತ್ತದೆ ಎಂಬುದು ನನ್ನ ಸಿದ್ಧಾಂತ. ನಾನು ಸರ್ಕಾರಿ ರೇಷ್ಮೆ ಮೊಟ್ಟೆ ಕೇಂದ್ರದಲ್ಲಿ ಮೂವತ್ತೈದು ವರ್ಷ ದುಡಿದು ನಿವೃತ್ತನಾದವನು. ಐದಕ್ಕೆ ಏಳುತ್ತೇನೆ, ಐದು ನಲವತ್ತಕ್ಕೆ ಕಾಫಿ ಕುಡಿಯುತ್ತೇನೆ. ಸಂಜೆಯ ಕಾಫಿಯೂ ಐದು ನಲವತ್ತಕ್ಕೇ, ನೆನಪಿಡಲು ಸುಲಭವೆಂದು. ರಾಮನಗರದ ನಮ್ಮ ಮನೆಯ ನಡುಮನೆಯಲ್ಲಿ ಸಾಲಾಗಿ ಹನ್ನೊಂದು ಮೊಳೆಗಳಿವೆ. ಒಂದೊಂದರ ಕೆಳಗೂ ಅಲ್ಲಿ ಏನು ನೇತಾಡಬೇಕೆಂದು ಚೀಟಿ ಅಂಟಿಸಿದ್ದೇನೆ. ಕೊಡೆ, ಟಾರ್ಚು, ಹಿಂಬಾಗಿಲ ಬೀಗದ ಕೈ, ಹೀಗೆ. ಪಕ್ಕದ ಮನೆಯವರು ಒಮ್ಮೆ, "ಅಮ್ಮಾವ್ರಿಗೂ ಒಂದು ಮೊಳೆ ಐತೋ ಹೆಂಗೆ ಸಾರ್?" ಎಂದು ಕೇಳಿದ್ದರು. ನಾನು ನಗಲಿಲ್ಲ. ನನ್ನ ಹೆಂಡತಿ ಜಯಮ್ಮ ನಕ್ಕಳು. ಆ ನಗುವನ್ನು ನಾನು ಆಗಲೇ ಸ್ವಲ್ಪ ವಿಚಾರಣೆ ಮಾಡಬೇಕಾಗಿತ್ತು.

ನಮ್ಮ ಹಿತ್ತಿಲಲ್ಲಿ ಒಂದು ಉದ್ದನೆಯ ಕೋಣೆಯಿದೆ. ಹಿಂದೆ ಅಲ್ಲಿ ರೇಷ್ಮೆ ಹುಳು ಸಾಕುತ್ತಿದ್ದೆವು. ಹುಳು ಬಿಟ್ಟ ಮೇಲೆ ಅದು ಜಯಮ್ಮನ ವಶಕ್ಕೆ ಹೋಯಿತು. ಸಂಡಿಗೆ, ಹಪ್ಪಳ, ಹುಣಸೇಹಣ್ಣು ಅಲ್ಲಿರುತ್ತವೆ ಎಂದು ನನ್ನ ತಿಳಿವಳಿಕೆ. ಬೇರೆಯವರ ವಿಭಾಗದಲ್ಲಿ ತಲೆ ಹಾಕಬಾರದೆಂಬ ಶಿಸ್ತಿನಿಂದ ನಾನು ಎರಡು ವರ್ಷ ಆ ಕಡೆ ಹೋಗಿರಲಿಲ್ಲ. ಒಂದು ಸೋಮವಾರ ಬೆಳಿಗ್ಗೆ ಹತ್ತು ಗಂಟೆ ಹತ್ತು ನಿಮಿಷಕ್ಕೆ ಏಣಿ ಬೇಕಾಯಿತು. ಹೋಗಿ ಬಾಗಿಲು ತೆಗೆದೆ.

ತೊಲೆಗೆ ಕಟ್ಟಿದ ಎರಡು ಹಗ್ಗಗಳಲ್ಲಿ ಒಂದು ಮೋಟಾರ್ ಸೈಕಲ್ಲಿನ ಅಸ್ಥಿಪಂಜರ ತೂಗುತ್ತಿತ್ತು. ಹೊಸದಾಗಿ ಬಳಿದ ಕಡುನೀಲಿ ಬಣ್ಣ. ಅದರ ಕೆಳಗೆ ಗೋಣಿಚೀಲದ ಮೇಲೆ ಇಂಜಿನ್ನು, ಮಗುವಿಗೆ ಸ್ನಾನ ಮಾಡಿಸಿ ಮಲಗಿಸಿದ ಹಾಗೆ ಥಳಥಳ ಹೊಳೆಯುತ್ತ ಕೂತಿತ್ತು. ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡೆ. ಯಾವನೋ ಕಳ್ಳ ನಮ್ಮ ಹಿತ್ತಿಲಲ್ಲಿ ಕಾರ್ಖಾನೆ ಇಟ್ಟಿದ್ದಾನೆಂದೇ ಮೊದಲು ಅನ್ನಿಸಿದ್ದು. ಆಮೇಲೆ ಚಾಸಿಸ್ಸಿನ ಕುತ್ತಿಗೆಯಲ್ಲಿ ಕೊರೆದ ನಂಬರು ಕಂಡಿತು. ಆ ನಂಬರು ನನಗೆ ನನ್ನ ಹುಟ್ಟಿದ ದಿನಕ್ಕಿಂತ ಚೆನ್ನಾಗಿ ಗೊತ್ತು. ಮೂವತ್ತು ವರ್ಷ ನಾನು ಓಡಿಸಿ, ನಿವೃತ್ತನಾದ ತಿಂಗಳಲ್ಲಿ ಗುಜರಿ ಅಂಗಡಿಗೆ ತೂಕಕ್ಕೆ ಹಾಕಿದ ನನ್ನದೇ ಗಾಡಿ ಅದು.

"ಜಯಾ," ಎಂದೆ. ಕೂಗಿದೆನೆಂದುಕೊಂಡಿದ್ದೆ, ಧ್ವನಿ ಹೊರಗೆ ಬಂದಿರಲಿಲ್ಲ.

ಅವಳು ತಾನಾಗಿಯೇ ಬಂದಳು. ಕೈಯಲ್ಲಿ ಸ್ಪ್ಯಾನರಿತ್ತು. "ನೋಡ್ಬುಟ್ರಾ," ಎಂದಳು. "ಇನ್ನೊಂದು ವಾರ ತಡ್ದಿದ್ರೆ ಪೂರ್ತಿ ನೋಡ್ಬೋದಾಗಿತ್ತು."

"ಇದನ್ನು ನಾನು ಬಾಬಾಜಾನ್ ಅಂಗಡಿಗೆ ಹಾಕಿದ್ದೆನಲ್ಲ."

"ನೀವು ಹಾಕಿದ ಮಾರನೇ ದಿನ ನಾನು ಹೋಗಿ ತಂದೆ. ನಿಮ್ಮ ವಾಕಿಂಗ್ ಟೈಮಲ್ಲಿ."

ಇಲ್ಲಿ ಒಂದು ವಿಷಯ ಹೇಳಬೇಕು. ಜಯಮ್ಮನ ತಂದೆಗೆ ಚನ್ನಪಟ್ಟಣದಲ್ಲಿ ರೇಷ್ಮೆ ದಾರಕ್ಕೆ ಹುರಿ ಹಾಕುವ ಯಂತ್ರಗಳಿದ್ದವು. ಅವು ದಿನ ಬಿಟ್ಟು ದಿನ ಕೆಡುತ್ತಿದ್ದವು. ಬೇರಿಂಗು ಬಿಚ್ಚುವುದು, ಬೆಲ್ಟು ಎಳೆಯುವುದು, ಹಲ್ಲಿನ ಚಕ್ರ ಕೂರಿಸುವುದು ಇವಳು ಲಂಗ ಉಡುವ ವಯಸ್ಸಿನಲ್ಲೇ ಕಲಿತಿದ್ದ ವಿದ್ಯೆ. ಮದುವೆಯಾದ ವರ್ಷ ನಮ್ಮ ಮನೆಯ ಹೊಲಿಗೆ ಯಂತ್ರವನ್ನು ಬಿಚ್ಚಿ ಜೋಡಿಸಿದ್ದನ್ನು ನೋಡಿ ನಮ್ಮ ತಾಯಿ, "ಹುಡುಗಿ ಕೈ ಚುರುಕು" ಎಂದು ಮೆಚ್ಚಿದ್ದರು. ಅದೇ ವರ್ಷ ಇವಳು, "ರೀ, ನಂಗೂ ಒಸಿ ಗಾಡಿ ಓಡ್ಸೋದು ಕಲಿಸ್ಕೊಡಿ" ಎಂದು ಕೇಳಿದ್ದಳು. ನಾನು "ನೋಡೋಣ" ಎಂದಿದ್ದೆ. ಸರ್ಕಾರಿ ಕಚೇರಿಯಲ್ಲಿ ಕೆಲಸ ಮಾಡಿದವರಿಗೆ ಆ ಪದದ ಅರ್ಥ ಗೊತ್ತು. ಕಡತ ಮುಚ್ಚಿ ದಾರ ಕಟ್ಟಿ ಮೇಲಿನ ಅಟ್ಟಕ್ಕೆ ಹಾಕಿದ್ದೇವೆ ಎಂದು ಅರ್ಥ. ಜಯಮ್ಮ ಕಚೇರಿಯಲ್ಲಿ ಕೆಲಸ ಮಾಡಿದವಳಲ್ಲ. ಅವಳು ನೋಡುತ್ತಲೇ ಇದ್ದಳೆಂದು ಕಾಣುತ್ತದೆ.

ಆಘಾತಗಳು ಸಾಲುಗಟ್ಟಿ ಬಂದವು. ಪೆಟ್ರೋಲ್ ಟ್ಯಾಂಕು ಮಾಗಡಿಯ ಯಾರದೋ ಮುರಿದ ಗಾಡಿಯದು. ಮುಂದಿನ ಚಕ್ರ ಕನಕಪುರದ್ದು, ಹಿಂದಿನದು ಇನ್ನಾವುದೋ ಕಂಪನಿಯದು. ಹ್ಯಾಂಡಲ್ಲು ತಗ್ಗಾಗಿ, ಎದುರು ಹೋಗಿ ಗುದ್ದುವ ಟಗರಿನ ಕೊಂಬಿನ ಹಾಗಿತ್ತು. ಎಲ್ಲವನ್ನೂ ಬಾಬಾಜಾನ್ ಗುಜರಿಯಲ್ಲಿ ಹುಡುಕಿ ಎತ್ತಿಟ್ಟಿದ್ದನಂತೆ. ಎರಡು ವರ್ಷದಿಂದ ಅವನು ದಾರಿಯಲ್ಲಿ ಸಿಕ್ಕಾಗಲೆಲ್ಲ ನನಗೆ ವಿಪರೀತ ವಿನಯದಿಂದ ಸಲಾಂ ಹಾಕುತ್ತಿದ್ದ. ನನ್ನ ವ್ಯಕ್ತಿತ್ವಕ್ಕೆ ಎಂದುಕೊಂಡಿದ್ದೆ.

"ಓಡಿಸುವುದು ಯಾರು?" ಎಂದು ಕೇಳಿದೆ.

ಜಯಮ್ಮ ಸಾಸಿವೆ ಡಬ್ಬಿಯಿಂದ ಒಂದು ಕಾರ್ಡು ತೆಗೆದು ತೋರಿಸಿದಳು. ಲೈಸೆನ್ಸು. ಫೋಟೋದಲ್ಲಿ ಅವಳು ನಮ್ಮ ಮದುವೆಯ ಫೋಟೋದಲ್ಲಿರುವುದಕ್ಕಿಂತ ಗೆಲುವಾಗಿದ್ದಳು.

"ಯಾವಾಗ ಕಲಿತೆ?"

"ಮಂಗಳವಾರ ಭಜನೆಗೆ ಹೋಯ್ತಿದ್ನಲ್ಲ," ಎಂದಳು. ಆಮೇಲೆ, ದೇವರ ವಿಷಯವಾದ್ದರಿಂದ, "ಒಂದೊಂದ್ಸಲ ಭಜನೆಗೂ ಹೋಗಿದೀನಿ" ಎಂದು ಸೇರಿಸಿದಳು.

ನಾನು ಏಣಿಯ ಕೆಳಗಿನ ಮೆಟ್ಟಿಲಿನ ಮೇಲೆ ಕುಳಿತೆ. ಇಷ್ಟೆಲ್ಲ ಯಾಕೆ ಎಂದು ಕೇಳಿದ್ದಕ್ಕೆ ಅವಳು ಹೇಳಿದ್ದು ಇಷ್ಟೇ. ಅವಳ ಅಕ್ಕ ಮಾಗಡಿ ಆಚೆ ಕಲ್ಯದಲ್ಲಿದ್ದಾಳೆ. ಹೋಗಲು ಎರಡು ಬಸ್ಸು. ಬರಬೇಕಾದರೆ ಮಧ್ಯಾಹ್ನ ಮೂರಕ್ಕೇ ಎದ್ದು ಹೊರಡಬೇಕು, ಇಲ್ಲದಿದ್ದರೆ ನನ್ನ ಐದು ನಲವತ್ತರ ಕಾಫಿ ತಪ್ಪುತ್ತದೆ. "ಅವಳು ಊಟಕ್ಕಿಕ್ಕಿ, ಎಲೆ ಅಡಿಕೆ ಹಾಕ್ಕೊಂಡು, ಈಗ ಮಾತಾಡೋಣ ಅಂತ ಕೂರೋ ಹೊತ್ಗೆ ನಾನು ಚೀಲ ಎತ್ಕೊಂಡು ಎದ್ದಿರ್ತೀನಿ. ಮದುವೆ ಆದಾಗಿಂದ ಒಂದು ಮಾತೂ ಮುಗ್ದಿಲ್ಲ ಕಣ್ರೀ ನಮ್ದು. ಒಂದೇ ಒಂದ್ಸಲ ಮಾತು ಮುಗುಸ್ಕೊಂಡು ಎದ್ದು ಬರ್ಬೇಕು." ನೀವು ಕೇಳಬಹುದು, ನನ್ನ ಗಾಡಿಯಲ್ಲಿ ಕರೆದುಕೊಂಡು ಹೋಗಬಹುದಿತ್ತಲ್ಲ ಎಂದು. ಭಾನುವಾರ ಗಾಡಿ ತೊಳೆಯುವ ದಿನವಾಗಿತ್ತು.

ಇದೆಲ್ಲಕ್ಕೂ ಒಂದು ಗಡುವಿತ್ತು. ಗಾಡಿಯ ಕಾಗದಗಳು ಇನ್ನೂ ನನ್ನ ಹೆಸರಿನಲ್ಲೇ, ನನ್ನ ಹದಿನಾಲ್ಕನೇ ನಂಬರಿನ ಫೈಲಿನಲ್ಲಿದ್ದವು. ಅವುಗಳ ಅವಧಿ ಆ ತಿಂಗಳಿಗೆ ಮುಗಿಯುತ್ತಿತ್ತು. ಶುಕ್ರವಾರ ಹನ್ನೊಂದಕ್ಕೆ ಸಾರಿಗೆ ಕಚೇರಿಯಲ್ಲಿ ತಪಾಸಣೆಗೆ ಸಮಯ ಸಿಕ್ಕಿತ್ತು. "ಅವತ್ತು ಗಾಡಿ ನಿಂತ್ಕಂಡು ಉಸ್ರಾಡ್ಬೇಕು. ಇಲ್ದಿದ್ರೆ ಇದು ಬರೀ ಕಬ್ಣ," ಎಂದಳು. ಫೈಲು ಬೇಕಿತ್ತು, ನನ್ನ ಸಹಿ ಬೇಕಿತ್ತು. ಎರಡನ್ನೂ ಕೊಟ್ಟೆ. ಫೈಲಿನಲ್ಲಿ ಒಂದು ಕಾಗದವೂ ಹೆಚ್ಚು ಕಡಿಮೆ ಇರಲಿಲ್ಲವೆಂಬ ಹೆಮ್ಮೆಯಲ್ಲಿ ನನ್ನ ಆಘಾತ ಅರ್ಧ ಇಳಿಯಿತು. ನನ್ನಂಥವನನ್ನು ಒಲಿಸಿಕೊಳ್ಳುವುದು ಹಾಗೆಯೇ ಎಂದು ಅವಳಿಗೆ ಗೊತ್ತಿತ್ತು.

ತಪ್ಪಾಗಿದ್ದು ಬುಧವಾರ. ಹ್ಯಾಂಡಲ್ಲಿನ ಹಿಡಿಗಳನ್ನು ಚನ್ನಪಟ್ಟಣದಲ್ಲಿ ಗೊಂಬೆ ಮಾಡುವವರೊಬ್ಬರ ಹತ್ತಿರ ಮರದಲ್ಲಿ ಕಡೆಸಿ, ಕೆಂಪು ಅರಗು ಹಚ್ಚಿಸಿದ್ದಳು. ಅವನ್ನು ತರಲು ಬೆಳಿಗ್ಗೆಯೇ ಹೋದಳು. ನಾನು ಸಹಾಯ ಮಾಡುವ ಉದ್ದೇಶದಿಂದ ಹಿತ್ತಿಲ ಕೋಣೆಗೆ ಹೋದೆ. ನೆಲದ ಮೇಲೆ ನಮ್ಮ ಹಳೆಯ ಚಂದ್ರಿಕೆಯಿತ್ತು. ಹುಳು ಗೂಡು ಕಟ್ಟಲು ಬಿಡುವ ಬಿದಿರಿನ ಚಾಪೆ ಅದು. ಅದರ ಮೇಲೆ ಬಿದಿರಿನ ಪಟ್ಟಿಯೊಂದು ಹೊರಗಿನಿಂದ ನಡುವಿನವರೆಗೆ ಸುರುಳಿ ಸುತ್ತಿಕೊಂಡು ಹೋಗಿರುತ್ತದೆ. ಆ ಸುರುಳಿಯ ತುಂಬ ಅವಳು ನಟ್ಟು, ಬೋಲ್ಟು, ಸ್ಪ್ರಿಂಗು, ವಾಷರುಗಳನ್ನು ಇಟ್ಟಿದ್ದಳು. ದೊಡ್ಡದರ ಪಕ್ಕ ಸಣ್ಣದು, ಕರಿಯದರ ಪಕ್ಕ ಬಿಳಿಯದು. ಇಂಥ ಗೊಂದಲ ನೋಡಿ ನನಗೆ ಅಯ್ಯೋ ಎನ್ನಿಸಿತು. ಅಡುಗೆ ಮನೆಯಿಂದ ಹದಿನೆಂಟು ಡಬ್ಬಿಗಳನ್ನು ತಂದು, ಎಲ್ಲವನ್ನೂ ಗಾತ್ರದ ಪ್ರಕಾರ ವಿಂಗಡಿಸಿ, ಒಂದೊಂದಕ್ಕೂ ಚೀಟಿ ಅಂಟಿಸಿದೆ. ಮೂರು ಗಂಟೆ ಹಿಡಿಯಿತು. ಹನ್ನೊಂದರ ಮಜ್ಜಿಗೆಯನ್ನೂ ಮರೆತೆ ಎಂದರೆ ನನ್ನ ತನ್ಮಯತೆ ನೀವೇ ಊಹಿಸಿ.

ಜಯಮ್ಮ ಬಂದು ಬಾಗಿಲಲ್ಲೇ ನಿಂತಳು. ಡಬ್ಬಿಗಳ ಸಾಲು ನೋಡಿದಳು. ಖಾಲಿ ಚಂದ್ರಿಕೆ ನೋಡಿದಳು. ಕೆಂಪು ಹಿಡಿಗಳನ್ನು ಮೆಲ್ಲಗೆ ಕೆಳಗಿಟ್ಟು ತಾನೂ ನೆಲಕ್ಕೆ ಕುಳಿತಳು.

"ಒಂದ್ಸಲ ಇಡೀ ಗಾಡಿ ಜೋಡಿಸಿ ನೋಡಿ, ಬಣ್ಣ ಬಳಿಯಕ್ಕೆ ಅಂತ ಬಿಚ್ಚಿದ್ದೆ," ಎಂದಳು. "ಮೊದ್ಲು ಬಿಚ್ಚಿದ್ದು ಹೊರಗಿನ ಸುತ್ತಲ್ಲಿ, ಕೊನೆಗೆ ಬಿಚ್ಚಿದ್ದು ನಡೂಮಧ್ಯ. ನಡುವಿಂದ ಹಿಡ್ಕೊಂಡು ಹೊರಕ್ಕೆ ಬಂದ್ರೆ ಗಾಡಿ ತಾನಾಗೇ ಆಗ್ತಿತ್ತು. ಐದು ಗಾಡಿ ಸಾಮಾನು ಕಣ್ರೀ ಇವು. ಗಾತ್ರ ಒಂದೇ ಇದ್ರೂ ತಿರುಪಿನ ಮರೆ ಬೇರೆ ಬೇರೆ. ಯಾವ ಪುಸ್ತಕದಲ್ಲೂ ಇಲ್ಲ ಇದು. ಈ ಚಂದ್ರಿಕೆ ಮೇಲಷ್ಟೇ ಇದ್ದದ್ದು."

ಮಾಡಿದ್ದೇನೆಂದು ನನಗೆ ತಕ್ಷಣ ಅರ್ಥವಾಯಿತು. ಕಾರಣ ಇದೆ. ಮೊಟ್ಟೆ ಕೇಂದ್ರದಲ್ಲಿ ಒಂದೊಂದು ಹೆಣ್ಣು ಚಿಟ್ಟೆಯನ್ನೂ ತಟ್ಟೆಯ ಒಂದೊಂದು ಮನೆಯಲ್ಲಿ ಮೊಟ್ಟೆಯಿಡಲು ಬಿಡುತ್ತೇವೆ. ಆಮೇಲೆ ಆ ತಾಯಿಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿ, ರೋಗವಿದ್ದರೆ ಅದರ ಮೊಟ್ಟೆಯನ್ನು ಸುಡುತ್ತೇವೆ. ಯಾವ ತಾಯಿ ಯಾವ ಮೊಟ್ಟೆಯದೆಂದು ಅದು ಕುಳಿತ ಜಾಗವಷ್ಟೇ ಹೇಳಬೇಕು. ಒಮ್ಮೆ ಹೊಸದಾಗಿ ಬಂದ ಸಹಾಯಕನೊಬ್ಬ ತಟ್ಟೆ ಚೆನ್ನಾಗಿ ಕಾಣಲೆಂದು ಚಿಟ್ಟೆಗಳನ್ನು ಗಾತ್ರದ ಪ್ರಕಾರ ಜೋಡಿಸಿಟ್ಟಿದ್ದ. ಇಡೀ ತಟ್ಟೆ ಸುಡಬೇಕಾಯಿತು. "ಜಾಗವೇ ಹೆಸರು ಕಣಯ್ಯ. ಅಂದ ನೋಡುವವನಿಗೆ ಇಲ್ಲಿ ಕೆಲಸವಿಲ್ಲ" ಎಂದು ಅವನಿಗೆ ಎರಡು ಪುಟದ ಮೆಮೊ ಕೊಟ್ಟಿದ್ದೆ. ಅದರ ಪ್ರತಿ ಮೂರನೇ ನಂಬರಿನ ಫೈಲಿನಲ್ಲಿ ಈಗಲೂ ಇದೆ.

ಸುದ್ದಿ ತಿಳಿದು ಬಾಬಾಜಾನ್ ಬಂದ. ಡಬ್ಬಿಗಳ ಮೇಲಿನ ಚೀಟಿಗಳನ್ನು ಒಂದೊಂದಾಗಿ ಓದಿದ. "ಅಕ್ಷರ ಬಾಳ ಚೆನ್ನಾಗಿದೆ ಸಾರ್," ಎಂದ. ಆಮೇಲೆ ಜಯಮ್ಮನ ಕಡೆ ತಿರುಗಿ, "ಅಮ್ಮಾ, ಸಾರ್‌ಗೆ ಒಂದು ಮೊಳೆ ಹೊಡೀರಿ. ಅಲ್ಲೇ ನೇತಾಕಿ, ಶುಕ್ರವಾರದ ತನಕ" ಎಂದ.

ಆಗ ನನಗೆ ನೆನಪಾಯಿತು. ಯಾವುದೇ ತಟ್ಟೆ ಖಾಲಿ ಮಾಡುವ ಮೊದಲು ಅದರಲ್ಲಿರುವುದನ್ನು ಇದ್ದ ಹಾಗೆ ಪಟ್ಟಿ ಮಾಡುವುದು ನನ್ನ ಅಭ್ಯಾಸ. ಇಲ್ಲೂ ಮಾಡಿದ್ದೆ. ಹೊರಗಿನ ತುದಿಯಿಂದ ಹಿಡಿದು ನಡುವಿನವರೆಗೆ ನೂರ ಹದಿನೇಳು ಬಾಬ್ತು. ಓಡಿಹೋಗಿ ಪಟ್ಟಿಯ ಪುಸ್ತಕ ತಂದೆ. ಜಯಮ್ಮನ ಮುಖ ಅರಳಿತು. ಪುಟ ತೆರೆದ ಮೇಲೆ ಅರಳಿದ್ದು ಅರ್ಧ ಮುಚ್ಚಿತು. ಸಾಮಾನುಗಳ ಹೆಸರು ನನಗೆಲ್ಲಿ ಗೊತ್ತು?

ಗುರುವಾರವೆಲ್ಲ ನಾನು ಪಟ್ಟಿಯನ್ನು ಕೊನೆಯಿಂದ ಹಿಂದಕ್ಕೆ ಓದುತ್ತಿದ್ದೆ, ಅವಳು ಜೋಡಿಸುತ್ತಿದ್ದಳು.

"ನಲವತ್ತನಾಲ್ಕು, ಅದರಂಥದೇ."

"ಯಾವುದ್ರಂಥದು?"

"ನಲವತ್ತಮೂರರಂಥದು."

"ನಲವತ್ಮೂರು ಏನು?"

"ಸಣ್ಣ ನಟ್ಟು. ಸ್ವಲ್ಪ ಬೇಸರಗೊಂಡ ಹಾಗಿದೆ ಎಂದು ಬರೆದಿದ್ದೇನೆ."

"ಹಾಂ, ಮರೆ ಸವೆದಿರೋದು. ಬ್ರೇಕಿಂದು. ಕೊಡಿ ಇಲ್ಲಿ."

ನನ್ನ ವರ್ಣನೆಗಳು ಅವಳಿಗೆ ಅರ್ಥವಾಗುತ್ತಿದ್ದವು. ಇಷ್ಟು ವರ್ಷ ಜೊತೆಗಿದ್ದುದಕ್ಕೆ ಅಷ್ಟಾದರೂ ಪ್ರಯೋಜನ. ಐದು ನಲವತ್ತು ಬಂತು, ಹೋಯಿತು. ಕಾಫಿ ಬರಲಿಲ್ಲ, ನಾನು ಕೇಳಲಿಲ್ಲ. ಕತ್ತಲಾಗುವ ಮುಂಚೆ ಗಾಡಿ ನೆಲದ ಮೇಲೆ ನಿಂತಿತು. ಒದ್ದಾಗ ಮೂರನೇ ಸಲಕ್ಕೆ ಕೆಮ್ಮಿ, ಗುಡುಗಿತು. ಆದರೆ ಪಟ್ಟಿಯಲ್ಲಿ ಒಂದು ಬಾಬ್ತು ಉಳಿದಿತ್ತು. ಮೊಟ್ಟಮೊದಲನೆಯದು. "ಏನೋ ಕಬ್ಬಿಣ, ಎರಡು, ಗಿಡ್ಡ, ರಬ್ಬರ್ ಹೊದ್ದಿವೆ." ಎತ್ತಿ ತೋರಿಸಿದೆ. ಜಯಮ್ಮ ಒಮ್ಮೆ ನೋಡಿ, "ಅವು ಇರ್ಲಿ ಬುಡಿ" ಎಂದಳು.

ನನ್ನಿಂದಾಗಿ ಅವುಗಳ ಜಾಗ ಸಿಗುತ್ತಿಲ್ಲ, ನನಗೆ ನೋವಾಗದಿರಲೆಂದು ಸುಮ್ಮನಿದ್ದಾಳೆ ಎಂದು ಖಚಿತವಾಯಿತು. ಶುಕ್ರವಾರ ಅವಳು ಗಾಡಿಯಲ್ಲಿ, ನಾನು ಫೈಲಿನೊಂದಿಗೆ ಆಟೋದಲ್ಲಿ ಹೋದೆವು. ಆ ಎರಡು ಕಬ್ಬಿಣಗಳು ನನ್ನ ಬಟ್ಟೆ ಚೀಲದಲ್ಲಿದ್ದವು. ತಪಾಸಣೆಯವರು ನಂಬರು ಉಜ್ಜಿ ನೋಡಿದರು, ಬ್ರೇಕು ಹಿಡಿದು ನೋಡಿದರು, ಜಯಮ್ಮನನ್ನೂ ಒಮ್ಮೆ ನೋಡಿದರು, ಸಹಿ ಹಾಕಿದರು. ನಾನು ಚೀಲವನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದೆ. ಸರ್ಕಾರದಿಂದ ವಸ್ತು ಮುಚ್ಚಿಟ್ಟದ್ದು ಜೀವಮಾನದಲ್ಲಿ ಅದೇ ಮೊದಲು.

ಭಾನುವಾರ ಬೆಳಿಗ್ಗೆ ಜಯಮ್ಮ ಕಲ್ಯಕ್ಕೆ ಹೊರಟಳು. ಸೆರಗು ಬಿಗಿದು ಸಿಕ್ಕಿಸಿ, ಹೆಲ್ಮೆಟ್ಟು ಹಾಕಿ, ಕೆಂಪು ಹಿಡಿ ತಿರುವಿದಳು. ಸಂಜೆ ಐದು ನಲವತ್ತಕ್ಕೆ ನಾನೇ ಕಾಫಿ ಮಾಡಲು ಹೋದೆ. ಪುಡಿಯ ಡಬ್ಬಿ ತೆಗೆದರೆ ಮೇಲೆ ನನ್ನದೇ ಅಕ್ಷರದಲ್ಲಿ "ವಾಷರ್, ಮಧ್ಯಮ" ಎಂದಿತ್ತು. ಮುಚ್ಚಿಟ್ಟು ಗೇಟಿಗೆ ಬಂದು ನಿಂತೆ. ಆರಾಯಿತು. ಆರೂವರೆಯಾಯಿತು. ಮಾಗಡಿ ರಸ್ತೆಯ ಒಂದೊಂದು ತಿರುವಿನಲ್ಲೂ ಗಾಡಿ ಒಂದೊಂದು ಭಾಗವಾಗಿ ಕಳಚಿ ಬೀಳುತ್ತಿರುವುದು ಕಣ್ಣಿಗೆ ಕಾಣುತ್ತಿತ್ತು, ನನ್ನ ಪಟ್ಟಿಯ ಕ್ರಮದಲ್ಲೇ. ಏಳಕ್ಕೆ ಐದು ನಿಮಿಷವಿರುವಾಗ ಬೀದಿಯ ತುದಿಯಲ್ಲಿ ಆ ಗುಡುಗು ಕೇಳಿಸಿತು.

"ಕಾಯ್ತಿದ್ರಾ?" ಎಂದಳು.

"ಇಲ್ಲ, ಚಿಲಕಕ್ಕೆ ಎಣ್ಣೆ ಬಿಡಬೇಕೇನೋ ಎಂದು ನೋಡುತ್ತಿದ್ದೆ. ಮಾತು ಮುಗಿಯಿತಾ?"

"ಮುಗೀತು. ಹೊಸ್ದು ಶುರುವಾಗೈತೆ."

ನಾನು ಇನ್ನು ತಡೆಯಲಾರದೆ ಒಳಗಿನಿಂದ ಚೀಲ ತಂದು ಆ ಎರಡು ಕಬ್ಬಿಣ ತೆಗೆದು, ತಪ್ಪೊಪ್ಪಿಕೊಂಡೆ. ಇವುಗಳ ಜಾಗ ಹೇಗಾದರೂ ಹುಡುಕು, ಇವಿಲ್ಲದೆ ಆ ಗಾಡಿ ಹತ್ತಬೇಡ ಎಂದೆ. ಜಯಮ್ಮ ಹೆಲ್ಮೆಟ್ಟು ತೆಗೆದು ನನ್ನನ್ನೇ ನೋಡಿದಳು.

"ಇವು ಹಿಂದೆ ಕೂರೋರು ಕಾಲಿಡಕ್ಕೆ ಕಣ್ರೀ. ನಮ್ಮ ಹಳೇ ಗಾಡೀವೇ. ಗೊತ್ತಾಗ್ಲಿಲ್ವಾ?"

ಗೊತ್ತಾಗಿರಲಿಲ್ಲ. ಮೂವತ್ತು ವರ್ಷ ಅವಳು ಅವುಗಳ ಮೇಲೆ ಕಾಲಿಟ್ಟು ಕೂತಿದ್ದಳು. ನಾನು ಮುಂದೆ ನೋಡಿಕೊಂಡು ಓಡಿಸಿದವನು. ಆಗ ಗಾಡಿಯ ಕಡೆ ಸರಿಯಾಗಿ ನೋಡಿದೆ. ಸೀಟು ಒಂದೇ ಇತ್ತು. ಎಷ್ಟು ನೋಡಿದರೂ ಒಬ್ಬರು ಕೂರುವಷ್ಟೇ ಇತ್ತು.

"ಸೀಟು ಸ್ವಲ್ಪ ಉದ್ದ ಮಾಡಿಸಿದರೆ," ಎಂದೆ, "ಇವನ್ನೂ ಹಾಕಿದರೆ, ಒಂದು ಭಾನುವಾರ ನಾನೂ ಕಲ್ಯಕ್ಕೆ ಬರಬಹುದಲ್ಲ."

ಜಯಮ್ಮ ಗಾಡಿಯನ್ನು ಹಿತ್ತಿಲಿಗೆ ತಳ್ಳಿಕೊಂಡು ಹೋಗುತ್ತ, "ನೋಡೋಣ," ಎಂದಳು.

ಆ ಪದದ ಅರ್ಥ ನನಗೆ ಗೊತ್ತಿದೆ. ಆದರೂ ನಡುಮನೆಯಲ್ಲಿ ಹನ್ನೆರಡನೆಯ ಮೊಳೆ ಹೊಡೆದು, ಆ ಎರಡನ್ನೂ ನೇತುಹಾಕಿ, ಕೆಳಗೆ ಚೀಟಿ ಅಂಟಿಸಿದ್ದೇನೆ. ಪ್ರತಿ ಶನಿವಾರ ಬೆಳಿಗ್ಗೆ ಆರು ಗಂಟೆಗೆ ಅವಕ್ಕೆ ಎಣ್ಣೆ ಹಚ್ಚುತ್ತೇನೆ.