ಹಿಟ್ಟಿನ ಮೋಡದಲ್ಲಿ ಎರಡು ಪಾದ

ಧಡ್! ನಮ್ಮ ಮನೆಯ ಹಿತ್ತಿಲ ಗೋಡೆಯಾಚೆ ಕಾಲೇಜಿನ ಜಿಮ್. ಬೆಳಕು ಹರಿಯುವ ಮೊದಲೇ ಅಲ್ಲಿ ಯಾರೋ ತಲೆಯ ಮೇಲೆತ್ತಿದ ಕಬ್ಬಿಣವನ್ನು ಕೈಬಿಡುತ್ತಾರೆ. ಧಡ್! ಅಡುಗೆಮನೆಯ ಲೋಟಗಳೆಲ್ಲ ಒಂದಕ್ಕೊಂದು ಗುಟ್ಟು ಹೇಳಿಕೊಳ್ಳುತ್ತವೆ. ಅಮ್ಮ ಕಿವಿ ಮುಚ್ಚಿಕೊಳ್ಳುತ್ತಾಳೆ. ನನಗೆ ಮಾತ್ರ ಅದು ಜೋಗುಳ. ಹೊದಿಕೆಯೊಳಗೆ ಕಣ್ಣುಮುಚ್ಚಿ ಪ್ರತಿಜ್ಞೆ ಮಾಡಿದ್ದೆ: ಒಂದಲ್ಲ ಒಂದು ದಿನ ಈ ಸದ್ದು ನಾನೂ ಮಾಡಿ ಊರನ್ನೇ ಎಬ್ಬಿಸುತ್ತೇನೆ!

ಊರು ಎದ್ದಿತೋ ಇಲ್ಲವೋ, ಮನೆಯಂತೂ ಎದ್ದಿತು. ಹೇಗೆಂದು ಹೇಳುತ್ತೇನೆ, ನಗಬಾರದು.

ನನಗೆ ಭಾರ ಎತ್ತುವುದನ್ನು ಕಲಿಸುವವರು ಕಾಲೇಜಿನ ಕೋಚ್ ಮೇಡಂ; ಅಜ್ಜಿಯ ಬಾಯಲ್ಲಿ 'ಕೋಚಮ್ಮ'. ನನ್ನಲ್ಲಿ ಅವರಿಗೆ ಎರಡು ದೋಷ ಕಂಡಿದ್ದವು. ಭಾರವನ್ನು ಮೇಲಕ್ಕೆಳೆದು ಅದರಡಿ ಕೂರುವಾಗ ನನ್ನ ಎಡಗಾಲು ಹಿಂದಕ್ಕೆ ಜಾರುತ್ತದೆ. ಜೊತೆಗೆ, ದಮ್ಮಿಲ್ಲ.

"ಮೊದಲನೇ ಸಲ ಹುಲಿ, ಎರಡನೇ ಸಲ ಬೆಕ್ಕು, ಮೂರನೇ ಸಲ ಹಿಂಡಿದ ಬಟ್ಟೆ! ಹೋಗು, ಮೈದಾನ ಸುತ್ತು."

ಹೀಗೆ ಕಬ್ಬಿಣದ ಜೊತೆಗೆ ಓಟವೂ ಗಂಟುಬಿತ್ತು. ಓಡುತ್ತ ಓಡುತ್ತ ಉಸಿರು ಒಂದು ಲಯಕ್ಕೆ ಬಂದರೆ ನನಗೆ ಮೈಯೇ ಇರುತ್ತಿರಲಿಲ್ಲ. ಮೈದಾನದಂಚಿನ ಮರಗಳು ತೇಲಿಹೋಗುತ್ತಿದ್ದವು. ರೆಪ್ಪೆಯೊಳಗೆ ಬೆಳ್ಳನೆಯದೊಂದು ವೇದಿಕೆ. ಅದರ ಮೇಲೆ ನಾನು. ಕೈಯಲ್ಲಿನ ಭಾರ ಹತ್ತಿಯಷ್ಟು ಹಗುರ...

"ಕಣ್ಣು ಬಿಡೇ, ಗೋಲಿನ ಕಂಬ!" ಎಂದು ಮೇಡಂ ಕೂಗುವಷ್ಟರಲ್ಲಿ ಕಂಬಕ್ಕೂ ನನಗೂ ಪರಿಚಯವಾಗಿರುತ್ತಿತ್ತು.

ಅವರದೊಂದು ಕಟ್ಟಪ್ಪಣೆ ಇತ್ತು. ತಲೆಯ ಮೇಲಿನ ಭಾರ, ಸ್ಪರ್ಧೆಯ ತೀರ್ಪುಗಾರರಂತೆ ತಾವು 'ಇಳಿಸು' ಎನ್ನುವವರೆಗೆ ಅಲುಗಬಾರದು. ಎಂದ ಕೂಡಲೇ ಅದನ್ನು ಮುಂದಕ್ಕೆ ಬೀಳಬಿಡಬೇಕು. ಆದರೆ ಕಾಲು ಕದಲಿಸಬಾರದು! ಮೇಡಂ ಬಂದು ಪಾದದ ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಎಡಗಾಲು ಎಷ್ಟು ಜಾರಿದೆ ಎಂದು ತೋರಿಸಿ ಬೈದ ಮೇಲೆಯೇ ಬಿಡುಗಡೆ.

ಆ ಸಂಜೆ ಮೇಡಂ ನಮ್ಮ ಮನೆಗೆ ಬರುವವರಿದ್ದರು. ಪರವೂರಿನ ಸ್ಪರ್ಧೆಗೆ ನನ್ನನ್ನು ಕಳಿಸಲು ಅಮ್ಮನನ್ನು ಒಪ್ಪಿಸಬೇಕಿತ್ತು. ಅಮ್ಮನದು ಒಂದೇ ರಾಗ: "ಸೊಂಟ ಉಳುಕಿಸ್ಕೊಂಡು ಬಂದ್ರೆ ಎಣ್ಣೆ ಹಚ್ಚೋಳು ನಾನು."

ಓಟ ಮುಗಿಸಿ ತೇಲುತ್ತಲೇ ಅಡುಗೆಮನೆಗೆ ಬಂದೆ. ಅಲ್ಲಿ ಗೋಧಿ ಹಿಟ್ಟಿನ ಚೀಲ ಗೋಡೆಗೊರಗಿ ಕೂತಿತ್ತು.

"ಅದನ್ನ ಮುಟ್ಬೇಡ. ಅಣ್ಣ ಬಂದು ಅಟ್ಟಕ್ಕೆ ಹಾಕ್ತಾನೆ," ಎಂದು ಅಮ್ಮ ಹೇಳಿ ಹಿತ್ತಿಲಿಗೆ ಹೋದಳು.

ಅಣ್ಣನಾ! ಎರಡು ಮೆಟ್ಟಿಲು ಹತ್ತಿದರೆ ಕೂತುಬಿಡುವ ಆ ಮಹಾವೀರನಾ! ಕಿಟಕಿಯಿಂದ ಸಂಜೆಯ ಬೆಳಕು ಚೀಲದ ಮೇಲೆ ಬಿದ್ದಿತ್ತು. ಕಣ್ಣು ಮುಚ್ಚಿದೆ. ಬೆಳ್ಳನೆಯ ವೇದಿಕೆ ಬಂತು. ಬಾಗಿದೆ, ಎಳೆದೆ, ಕೂತೆ, ಎದ್ದೆ. ಚೀಲ ತಲೆಯ ಮೇಲೆ! ಹತ್ತಿಯಷ್ಟು ಹಗುರ! ಜಗತ್ತು ನಿಶ್ಶಬ್ದವಾಗಿತ್ತು.

"ಅಯ್ಯೋ, ಇಳಿಸೇ ಅದನ್ನ!"

ಬಾಗಿಲಲ್ಲಿ ಅಮ್ಮ. ನನ್ನ ಕಿವಿಗೆ ತಲುಪಿದ್ದು ಮಾತ್ರ ತೀರ್ಪುಗಾರರ ಅಪ್ಪಣೆ. ಬಿಟ್ಟೆ.

ಧಡ್!

ಎಂಥ ಸದ್ದು! ಚೀಲದ ಹೊಲಿಗೆ ಬಿರಿದು ಅಡುಗೆಮನೆಯಲ್ಲಿ ಮೋಡವೊಂದು ಹುಟ್ಟಿತು. ಅದು ಸೂರಿಗೆ ಮುತ್ತಿಟ್ಟು, ಪಾತ್ರೆಗಳ ಮೇಲೆ, ಅಮ್ಮನ ಕೂದಲ ಮೇಲೆ ಮೆಲ್ಲಮೆಲ್ಲಗೆ ಇಳಿಯಿತು. ಚೆಂದವೇ ಇತ್ತು, ನಿಜ ಹೇಳಬೇಕೆಂದರೆ.

ಒಳಕೋಣೆಯಿಂದ ಅಜ್ಜಿ, "ಮೋಡ ಕವೀತಿದೆ, ಹಗ್ಗದ ಮೇಲಿನ ಬಟ್ಟೆ ತೆಗೀರೇ!" ಎಂದಳು.

"ಏನೇ ಹಾಗೆ ನಿಂತಿದ್ದೀಯ? ಪೊರಕೆ ತಗೊಂಬಾ!"

"ಆಗಲ್ಲಮ್ಮ. ಕಾಲು ಕದಲಿಸೋ ಹಾಗಿಲ್ಲ."

"ಕಾಲು ಮುರಿದ್ರೆ ಕದಲುತ್ತೆ, ಬರಲಾ?"

ಮೇಡಂ ಬಂದಾಗ ಅವರಿಗೆ ಕಂಡದ್ದು ಎರಡು ಬಿಳಿಯ ಗೊಂಬೆಗಳು. ಒಂದು ಮಾತಾಡುತ್ತಿತ್ತು, ಒಂದು ಬಾಯಿ ಮುಚ್ಚಿಕೊಂಡಿತ್ತು. ಪರವೂರು, ಸ್ಪರ್ಧೆ, ಎಲ್ಲ ಮೋಡದ ಜೊತೆಗೇ ನೆಲ ಕಂಡವು ಎಂದುಕೊಂಡೆ. ಮೇಡಂ ನನ್ನನ್ನು ತೋಳು ಹಿಡಿದು ಪಕ್ಕಕ್ಕೆ ಸರಿಸಿದರು. ಬೆಳ್ಳನೆಯ ನೆಲದಲ್ಲಿ ನಾನು ನಿಂತಿದ್ದ ಜಾಗ ಮಾತ್ರ ಎರಡು ಪಾದಗಳಾಗಿ ಉಳಿದಿತ್ತು.

"ಒಂದೇ ಗೆರೆ!" ಮೇಡಂ ಮಂಡಿಯೂರಿದರು. "ನೋಡಿಮ್ಮ, ಎಡಗಾಲು ಒಂಚೂರೂ ಜಾರಿಲ್ಲ! ಮೂರು ತಿಂಗಳಿಂದ ಇದಕ್ಕೇ ಬಡ್ಕೊಂಡಿದ್ದೆ!"

ಅಮ್ಮ ಬಗ್ಗಿ ಬಹಳ ಹೊತ್ತು ನೋಡಿದಳು. ಆ ಪಾದಗಳನ್ನು ಮೊದಲ ಸಲ ನೆಲಕ್ಕೆ ಊರಿಸಿದವಳು ಅವಳೇ. ಮುಖ ಕೊಂಚ ಸಡಿಲವಾದಂತಿತ್ತು. ಹಿಟ್ಟಿನಡಿ ಸರಿಯಾಗಿ ತಿಳಿಯಲಿಲ್ಲ.

"ಪಾದ ಚೆನ್ನಾಗೇ ಇದೆ. ಅಲ್ಲಿ ಸ್ಪರ್ಧೇಲೂ ಹೀಗೇ ಬೀಳಿಸ್ತಾರಾ?"

"ಎಲ್ರೂ ಬೀಳಿಸ್ತಾರೆ."

"ಗುಡಿಸೋರು?"

"ಗುಡಿಸೋದೇ ಬೇಕಿಲ್ಲಮ್ಮ, ಕಬ್ಬಿಣ ಅಲ್ವಾ."

"ಹಾಗಾದ್ರೆ ಅಲ್ಲಿಗೇ ಕರ್ಕೊಂಡು ಹೋಗಿ! ಎಷ್ಟು ಬೇಕೋ ಅಷ್ಟು ಎತ್ತಲಿ. ನನ್ನ ಅಡುಗೆಮನೇಲಿ ಮಾತ್ರ ಬೇಡ."

ನಾನು ಹಾರಿಬಿಟ್ಟೆ. ಅಷ್ಟರಲ್ಲಿ ಪೊರಕೆ ಕೈಗೆ ಬಂತು. ಗುಡಿಸಿ ಮುಗಿಸಿದರೆ, ಮೇಡಂ ಬಾಗಿಲಿನತ್ತ ಬೆರಳು ತೋರಿದರು.

"ಹಿಟ್ಟಿನ ಅಂಗಡಿ ಸೇತುವೆ ಆಚೆ ತಾನೇ? ಓಡ್ಕೊಂಡು ಹೋಗು, ಹೊಸ ಚೀಲ ಹೊತ್ಕೊಂಡು ಬಾ. ದಮ್ಮಿಗೆ ಒಳ್ಳೇದು."

"ಅಣ್ಣ..." ಎಂದೆ.

"ಅವನು ಬಂದು ಅಟ್ಟಕ್ಕೆ ಹಾಕ್ತಾನೆ," ಎಂದಳು ಅಮ್ಮ.

ಬೀದಿಗಿಳಿದೆ. ಕೂದಲಿನಿಂದ ಹಿಟ್ಟು ಉದುರುತ್ತಿದೆ, ದೀಪಗಳು ಒಂದೊಂದೇ ಹೊತ್ತಿಕೊಳ್ಳುತ್ತಿವೆ. ಇನ್ನು ಹೆಚ್ಚು ಹೇಳಲು ಹೊತ್ತಿಲ್ಲ, ಅಂಗಡಿ ಮುಚ್ಚಿಬಿಡುತ್ತದೆ. ಒಂದು ಮಾತು ಮಾತ್ರ: ಬರುವಾಗ ಸೇತುವೆಯ ಮೇಲೆ ನಾನು ಎದುರಾದರೆ, ದಯವಿಟ್ಟು ಯಾರೂ ನನ್ನನ್ನು ಕಂಡು 'ಇಳಿಸು' ಎನ್ನಬೇಡಿ!