ಗುಣಪಾಲನ ಮೀನು ಡೇರೆ

ನಾಳೆ ಹರತಾಳ ಎಂದು ಟಿ.ವಿ.ಯಲ್ಲಿ ಬಂದಾಗ ನೆಕ್ರಾಜೆಯ ಗುಣಪಾಲನಿಗೆ ಆದಷ್ಟು ಸಂತೋಷ ಹರತಾಳಕ್ಕೆ ಕರೆ ಕೊಟ್ಟವರಿಗೂ ಆಗಿರಲಿಕ್ಕಿಲ್ಲ. ಕರೆ ಕೊಟ್ಟದ್ದು ಯಾರು, ಯಾಕೆ ಎಂದು ಅವನು ಕೇಳಲೂ ಇಲ್ಲ. ನಾಯ್ಮಾರ್ಮೂಲೆಯಲ್ಲಿ ಅವನು ಆಟೋರಿಕ್ಷಾಗಳ ಸೀಟು, ಹುಡ್ ಹೊಲಿಯುವ ಅಂಗಡಿ ಮುಚ್ಚಿರುತ್ತದೆ, ತಾನು ಡೇರೆ ಕಟ್ಟಿಕೊಂಡು ಹೊಳೆಗೆ ಹೋಗಬಹುದು. ಅಷ್ಟು ತಿಳಿದರೆ ಅವನಿಗೆ ಸಾಕಿತ್ತು.

ಹೆಂಡತಿ ಕಮಲಳಿಗೆ ಮಾತ್ರ ತಲೆ ಕೆಟ್ಟಿತು.

"ನಿಮಗೆಂತ, ಹಲ್ಲು ಬಿಟ್ರೆ ಆಯ್ತು. ನಾಳೆ ಧನು ಊಟಕ್ಕೆ ಬರ್ತಾನೆ, ನಾಡಿದ್ದು ಅವನ ವಿಮಾನ. ಹೊಳೆಮೀನಿನ ಸಾರು ಮಾಡಿ ಬಡಿಸ್ತೇನೆ ಅಂತ ಅವನು ದುಬಾಯಿಯಿಂದ ಹೊರಡುವ ಮೊದಲೇ ಹೇಳಿದ್ದೇನೆ. ಮಾರ್ಕೆಟ್ ಬಂದ್ ಆದ್ರೆ ಮೀನು ಎಲ್ಲಿಂದ? ನಿಮ್ಮ ತಲೆಯಿಂದಲಾ?"

"ಹೊಳೆಯಿಂದ."

"ಯಾರು ತರುವುದು?"

"ನಾನು."

ಕಮಲ ನಗಲಿಲ್ಲ. ನಗುವ ಹಂತ ದಾಟಿ ವರ್ಷಗಳಾಗಿದ್ದವು. ಗುಣಪಾಲ ಹುಟ್ಟಿದಂದಿನಿಂದ ಗಾಳ ಹಾಕುತ್ತಿದ್ದ. ಅದಕ್ಕೆ ಈವರೆಗೆ ಸಿಕ್ಕಿದ್ದು ಒಂದು ಹವಾಯಿ ಚಪ್ಪಲಿ, ಒಂದು ಅಕ್ಕಿ ಗೋಣಿ ಮತ್ತು ಅವನದೇ ಅಂಗಿಯ ಕಾಲರು. ಆದರೂ ತನ್ನಲ್ಲಿ ಏನೋ ಕೊರತೆ ಉಂಟೆಂದು ಅವನಿಗೆ ಅನಿಸಿರಲಿಲ್ಲ. ತನ್ನ ಸಾಮಾನಿನಲ್ಲಿ ಕೊರತೆ ಎಂದೇ ಅವನ ನಂಬಿಕೆ. ಆ ನಂಬಿಕೆಗೆ ನೀರೆರೆದವನು ಕಮಲಳ ತಮ್ಮ ಧನು, ಅಂದರೆ ಧನರಾಜನೇ. ಈ ಸಲ ರಜೆಯಲ್ಲಿ ಬರುವಾಗ ಅವನು ಅಲ್ಲಿನ ಅಂಗಡಿಯೊಂದು ಅರ್ಧ ಬೆಲೆಗೆ ಖಾಲಿ ಮಾಡುತ್ತಿದ್ದ ಮೀನು ಹಿಡಿಯುವ ಡೇರೆಯೊಂದನ್ನು ಭಾವನಿಗೆ ತಂದುಕೊಟ್ಟಿದ್ದ.

ಪೆಟ್ಟಿಗೆಯ ಮೇಲಿನ ಚಿತ್ರದಲ್ಲಿ ಕಂಬಳಿಯಂಥ ಕೋಟು ಹಾಕಿದ ಗಡ್ಡದವನೊಬ್ಬ ಕೆಂಪು ಡೇರೆಯೊಳಗೆ ಕುಳಿತು, ಬಿಳಿ ನೆಲದ ತೂತಿನೊಳಕ್ಕೆ ಗಾಳ ಇಳಿಬಿಟ್ಟಿದ್ದ.

"ಹೊಯ್ಗೆ ಎಷ್ಟು ಬಿಳಿ ನೋಡು," ಎಂದಿದ್ದ ಗುಣಪಾಲ, ಅದನ್ನು ಹೊಳೆಯ ಮರಳೆಂದೇ ತಿಳಿದು.

"ಹೊಯ್ಗೆಯಲ್ಲ, ಅದು ಐಸು," ಎಂದಿದ್ದಳು ಕಮಲ.

"ಹುಚ್ಚಾ ನಿನಗೆ? ಐಸಿನಲ್ಲಿ ಮೀನು ಮಾರುವುದು. ಹಿಡಿಯುವುದು ಉಂಟಾ ಎಲ್ಲಿಯಾದರೂ?"

ಆದರೆ ಅದು ಐಸಿನ ಡೇರೆಯೇ ಆಗಿತ್ತು. ಚಳಿ ಒಳಬಾರದ ಹಾಗೆ ಗೋಡೆಗಳಿಗೆಲ್ಲ ಹತ್ತಿ ತುಂಬಿತ್ತು. ಎಪ್ರಿಲ್ ತಿಂಗಳಲ್ಲಿ ಅಂಗಳದಲ್ಲಿ ಅದನ್ನು ಮೊದಲ ಸಲ ನಿಲ್ಲಿಸಿ ಒಳಗೆ ಕುಳಿತ ಗುಣಪಾಲ ಹಬೆಯಲ್ಲಿ ಬೆಂದ ಕಡುಬಿನ ಹಾಗೆ ಹೊರಗೆ ಬಂದ. ಅಂದಿನಿಂದ ಅದರ ಸುಧಾರಣೆ ಶುರು. ಒಂದು ಗೋಡೆಯ ಹತ್ತಿ ಕಿತ್ತು, ಆಟೋಗೆ ಮಳೆಗಾಲದಲ್ಲಿ ಕಟ್ಟುವ ಪಾರದರ್ಶಕ ಪ್ಲಾಸ್ಟಿಕಿನ ದೊಡ್ಡ ಕಿಟಕಿ ಹೊಲಿದ. ಅದರ ಕೆಳಗೆ ಸೊಳ್ಳೆ ಪರದೆ. ಐಸಿಗೆ ತಿರುಗಿಸುವ ಮಾರುದ್ದದ ಸ್ಕ್ರೂಗಳನ್ನು ತೆಗೆದಿಟ್ಟು, ಮೂಲೆಗಳಿಗೆ ಹೊಯ್ಗೆ ತುಂಬುವ ರೆಕ್ಸಿನ್ ಚೀಲ ಕಟ್ಟಿದ. ಮೇಲಿನ ಮಾಡಿನಿಂದ ಬ್ಯಾಟರಿ ಫ್ಯಾನೊಂದನ್ನು ನೇತುಹಾಕಿದ. ಕುಳಿತುಕೊಳ್ಳಲಿಕ್ಕೆ ಹಳೆ ಆಟೋದ ಡ್ರೈವರ್ ಸೀಟು. ಮೀನು ಬಿಟ್ಟು ಉಳಿದದ್ದೆಲ್ಲ ಅದರಲ್ಲಿತ್ತು.

"ನಾಳೆ ಮೀನು ತರದಿದ್ರೆ ಈ ಡೇರೆ ಸೌದೆಗೆ," ಎಂದಳು ಕಮಲ.

"ಸುಡ್ತೀಯಾ?"

"ಸುಡುವುದೆಂತಕ್ಕೆ? ಮಳೆಗಾಲಕ್ಕೆ ಸೌದೆ ಮುಚ್ಚಲಿಕ್ಕೆ ಟರ್ಪಾಲು ಬೇಕಿತ್ತು."

ಬೆಳಿಗ್ಗೆ ಬೆಳಕು ಹರಿಯುವ ಮೊದಲೇ ಗುಣಪಾಲ ಹೊಳೆಗೆ ಇಳಿದ. ಊರಿನಿಂದ ಆಚೆ ದಡಕ್ಕೆ ಅಡಕೆ ಮರ ಹಾಸಿ ಕಟ್ಟಿದ ಸಂಕವೊಂದಿತ್ತು. ಪ್ರತಿ ಮಳೆಗಾಲ ಅದು ಕೊಚ್ಚಿಹೋಗುವುದು, ಮಕ್ಕಳು ಸುತ್ತು ದಾರಿಯಲ್ಲಿ ಶಾಲೆಗೆ ಹೋಗುವುದು, ಮಳೆ ಬಿಟ್ಟ ಮೇಲೆ ಊರವರು ಹೊಸದು ಕಟ್ಟುವುದು. ಕಾಂಕ್ರೀಟಿನದ್ದು ಬೇಕೆಂದು ಕೇಳಿ ಕೇಳಿ ಜನ ಸೋತಿದ್ದರು. ಗುಣಪಾಲ ನೋಡಿದ್ದು ಸಂಕವನ್ನಲ್ಲ, ಅದರ ಬುಡದಲ್ಲಿ ನೀರಿನ ಮೇಲೆ ಚಾಚಿಕೊಂಡ ಚಪ್ಪಟೆ ಪಾದೆಯನ್ನು. ಆ ಬಂಡೆಯ ನಡುವೆ ಒಂದು ತೂತು. ತೂತಿನ ಕೆಳಗೆ ಆಳದ ಗುಂಡಿ. ಪೆಟ್ಟಿಗೆಯ ಚಿತ್ರವೇ ಎದುರಿಗೆ ಬಂದಂತಿತ್ತು, ಕೋಟು ಒಂದು ಕಡಿಮೆ.

ಡೇರೆಗೆ ನಾಲ್ಕು ಗೋಡೆ, ಒಂದು ಮಾಡು. ಪ್ರತಿಯೊಂದರ ನಡುವಿನ ಪಟ್ಟಿ ಹಿಡಿದು ಎಳೆದರೆ ಕಡ್ಡಿಗಳು ಬಿಲ್ಲಿನಂತೆ ಬಾಗಿ ಗೋಡೆ 'ಟಪ್' ಎಂದು ಹೊರಕ್ಕೆ ಉಬ್ಬಬೇಕು. ಉಬ್ಬುತ್ತಿತ್ತು ಕೂಡ. ಆದರೆ ಒಂದು ಉಬ್ಬಿದ ಕೂಡಲೇ ಇನ್ನೊಂದು, ಪಾಲಿನಲ್ಲಿ ಮೋಸಹೋದ ತಮ್ಮನ ಹಾಗೆ ಮುಖ ಒಳಕ್ಕೆ ಎಳೆದುಕೊಳ್ಳುತ್ತಿತ್ತು. ಅದನ್ನು ಸಮಾಧಾನ ಮಾಡಿ ಹೊರಕ್ಕೆ ಎಳೆಯುವಷ್ಟರಲ್ಲಿ ಮಾಡು ಮುನಿಸಿಕೊಂಡು ಗುಣಪಾಲನ ತಲೆಯ ಮೇಲೆ ಕುಳಿತಿತು. ಕೊನೆಗೆ ಅವನು ಒಳಗೆ ಮಲಗಿ, ಕೈಯಿಂದ ಮಾಡು, ಕಾಲಿನಿಂದ ಗೋಡೆ ಒತ್ತಿ, ಹೇಗೋ ಎಲ್ಲರನ್ನೂ ಒಂದೇ ಮನೆಯಲ್ಲಿ ನಿಲ್ಲಿಸಿದ. ತೂತು ಸರಿಯಾಗಿ ಸೀಟಿನ ಎದುರಿಗೆ ಬಂತು. ಎರೆಹುಳ ಸಿಕ್ಕಿಸಿ ಗಾಳ ಇಳಿಬಿಟ್ಟು, ದಾರವನ್ನು ಬೆರಳಿಗೆ ಸುತ್ತಿಕೊಂಡು, ತಲೆ ತಗ್ಗಿಸಿ ಕುಳಿತ.

ಸ್ವಲ್ಪ ಹೊತ್ತಿಗೆ ಬಟ್ಟೆ ಒಗೆಯಲು ಬಂದ ಅಮ್ಮಣಿಯಕ್ಕ ಕಿಟಕಿಗೆ ಮುಖ ಒತ್ತಿದಳು. ಊರಿನ ಯಾವ ಸುದ್ದಿಯೂ ಈ ಅಜ್ಜಿಯನ್ನು ಮುಟ್ಟದೆ ಮುಂದೆ ಹೋಗುತ್ತಿರಲಿಲ್ಲ.

"ಗುಣಪಾಲನಾ? ಎಂತ ಮಗಾ, ಇಲ್ಲಿ ಬಂದು ಕೂತದ್ದು?"

ಸದ್ದಾದರೆ ಮೀನು ಓಡುತ್ತದೆ. ಗುಣಪಾಲ ತುಟಿಯ ಮೇಲೆ ಬೆರಳಿಟ್ಟ.

"ಮಾತಾಡುವುದಿಲ್ಲವಾ?"

ಇಲ್ಲವೆಂದು ತಲೆಯಾಡಿಸಿದ.

"ಚಾ ತರ್ಲಾ?"

ಕೈಯೆಲ್ಲ ಎರೆಹುಳದ ಮಣ್ಣು. ಬೇಡವೆಂದು ತಲೆಯಾಡಿಸಿದ.

"ಗಂಜಿ? ಒಂದು ಗುಟುಕು ನೀರು?"

ಅದಕ್ಕೂ ತಲೆಯಾಡಿಸಿದ.

ಅಮ್ಮಣಿಯಕ್ಕ ಒಮ್ಮೆ ಡೇರೆ ನೋಡಿದಳು, ಒಮ್ಮೆ ಸಂಕ ನೋಡಿದಳು. ಹೋದ ಮಳೆಗಾಲ ಆ ಸಂಕದಿಂದ ಜಾರಿ ಅವಳು ಎದುರಿನ ಹಲ್ಲು ಕಳಕೊಂಡಿದ್ದಳು. ಕಣ್ಣಲ್ಲಿ ನೀರು ಬಂತು.

"ಇಷ್ಟು ಗಂಡಸರಲ್ಲಿ ನಿನಗಾದರೂ ಅನಿಸಿತಲ್ಲ ಮಗಾ!"

ಏನನಿಸಿತೆಂದು ಗುಣಪಾಲನಿಗೆ ತಿಳಿಯಲಿಲ್ಲ. ಆಕೆ ಹೋದರೆ ಸಾಕೆಂದು ಹೌದೆಂಬಂತೆ ತಲೆದೂಗಿದ. ಆಕೆ ಬಟ್ಟೆಯ ಬಾಲ್ದಿಯನ್ನೂ ಬಿಟ್ಟು ಓಡಿದಳು.

ಕೇರಳದಲ್ಲಿ ಒಂದು ಪಂದಲ್, ಆ ಚಪ್ಪರದೊಳಗೆ ಸುಮ್ಮನೆ ಕುಳಿತ ಒಬ್ಬ ಮನುಷ್ಯ ಕಂಡರೆ ಅದೇನೆಂದು ಜನ ಕೇಳುವುದಿಲ್ಲ. ಬೇಡಿಕೆ ಏನೆಂದು ಮಾತ್ರ ಕೇಳುತ್ತಾರೆ. ಪಂದಲ್ ಕೆಂಪಗಿದ್ದು, ಮುರುಕು ಸಂಕದ ಬುಡದಲ್ಲೇ ಇದ್ದರೆ ಅದನ್ನೂ ಕೇಳಬೇಕಾಗಿಲ್ಲ. ಅದರ ಮೇಲೆ ಹರತಾಳ. ಊರಿಗೆ ಊರೇ ಕೆಲಸವಿಲ್ಲದೆ ಆಕಳಿಸುತ್ತಿತ್ತು. ಅಮ್ಮಣಿಯಕ್ಕ ಮನೆ ಮನೆಗೆ ಸುದ್ದಿ ಮುಟ್ಟಿಸಿ ತಿರುಗಿ ಬರುವಷ್ಟರಲ್ಲಿ ಅವಳು ಬಾಲ್ದಿ ಇಟ್ಟ ಜಾಗವೂ ಕಾಣದಷ್ಟು ಜನ ಸೇರಿದ್ದರು. ಎಲ್ಲರ ಮುಂದೆ ಕ್ಲಬ್ಬಿನ ಕಾರ್ಯದರ್ಶಿ ಪೂವಪ್ಪ, ಕೈಯಲ್ಲಿ ಮೈಕು. ಮೈಕು ಹಿಡಿಯದೆ ಅವನು ಹೆಂಡತಿಯ ಹತ್ತಿರ ಉಪ್ಪೂ ಕೇಳುವವನಲ್ಲ ಎಂದು ಊರಲ್ಲಿ ತಮಾಷೆ ಮಾಡುತ್ತಿದ್ದರು.

"ಗುಣಪಾಲಣ್ಣ, ನಮಗೊಂದು ಮಾತು ಹೇಳ್ಬಾರ್ದಿತ್ತಾ? ಒಬ್ರೇ ನಿರಾಹಾರ ಕೂತುಬಿಟ್ರಲ್ಲ ಮಾರಾಯ್ರೆ!"

"ಎಂತ ನಿರಾಹಾರ? ಪೂವಪ್ಪ, ನಾನು ಮೀನು ಹಿಡಿಲಿಕ್ಕೆ ಬಂದದ್ದು."

ಪೂವಪ್ಪ ಜನರ ಕಡೆಗೆ ತಿರುಗಿದ. "ಕೇಳಿದಿರಾ? ಸಣ್ಣಪುಟ್ಟವರ ಹತ್ರ ಮಾತಿಲ್ಲ, ದೊಡ್ಡ ದೊಡ್ಡ ಮೀನುಗಳನ್ನೇ ಹಿಡಿತೇನೆ ಅಂತ ನಮ್ಮ ಗುಣಪಾಲಣ್ಣ ಹೇಳ್ತಾ ಇದ್ದಾರೆ!"

ಚಪ್ಪಾಳೆ ಬಿತ್ತು. ಯಾರೋ ದಾಸವಾಳದ ಹಾರ ಹಾಕಿದರು. ಗುಣಪಾಲ ದಾರ ಎತ್ತಿ ತೋರಿಸಬೇಕೆಂದು ಎದ್ದ. ಎದ್ದಾಗ ಕಂಡದ್ದು ಕೈಮುಗಿದು ನಿಂತ ಅಮ್ಮಣಿಯಕ್ಕ. ಅವಳ ಹಿಂದೆ, ಆ ಸಂಕದ ಮೇಲೆ ಮಕ್ಕಳನ್ನು ಕಳುಹಿಸಿ ಸಂಜೆಯವರೆಗೆ ಬಾಗಿಲಲ್ಲಿ ನಿಲ್ಲುವ ತಾಯಂದಿರು. ಈಗ ಅಲ್ಲವೆಂದರೆ ಇವರ ಮುಖ ಏನಾದೀತು ಎಂದು ಅವನು ಯೋಚಿಸಿದ. ಯೋಚಿಸಿದ್ದೇ ತಪ್ಪಾಯಿತು. ಅಷ್ಟರಲ್ಲಿ ಪೂವಪ್ಪ ಅವನ ಹೆಗಲು ಒತ್ತಿ ಕುಳ್ಳಿರಿಸಿ, "ನಿಶ್ಶಕ್ತಿ ಆಗಿದೆ, ನಿಲ್ಲಿಸಬೇಡಿ," ಎಂದ.

ಭಾಷಣ ಶುರುವಾಯಿತು. ಮೀನುಗಳು ಮೈಕಿನ ಸದ್ದಿಗೆ ಕೆಳಗಿನ ಚಂದ್ರಗಿರಿ ಹೊಳೆಯನ್ನೂ ದಾಟಿ ಸಮುದ್ರ ಸೇರಿರಬೇಕೆಂದು ಗುಣಪಾಲ ಅಂದಾಜು ಮಾಡಿದ. ಬಿಸಿಲು ಏರಿತು, ಫ್ಯಾನಿನ ಬ್ಯಾಟರಿ ಸತ್ತಿತು. ಹತ್ತಿ ಗೋಡೆಗಳು ಯಾವ ದೇಶದ ಚಳಿಯನ್ನು ನೆನೆದೋ ಅವನನ್ನು ಬೆಚ್ಚಗೆ ಅಪ್ಪಿಕೊಂಡವು.

ಮಧ್ಯಾಹ್ನಕ್ಕೆ ಹೊಟ್ಟೆ ತಡೆಯಲಿಲ್ಲ. ಕಮಲ ಕಟ್ಟಿಕೊಟ್ಟ ಬುತ್ತಿಯಲ್ಲಿ ಹಬೆಯಲ್ಲಿ ಬೇಯಿಸಿದ ಅಕ್ಕಿ ಪುಂಡಿ, ಚಟ್ನಿ ಇತ್ತು. ಝಿಪ್ ಎಳೆದು ಬಾಗಿಲು ಮುಚ್ಚಿ, ಸೀಟಿನಡಿಯಿಂದ ಬುತ್ತಿ ತೆಗೆದು, ಮುಚ್ಚಳ ಬಿಚ್ಚಿ ಒಂದು ಪುಂಡಿ ಎತ್ತಿದ. ಎದುರಿಗೆ, ತಾನೇ ಪ್ರೀತಿಯಿಂದ ಹೊಲಿದ ಪಾರದರ್ಶಕ ಕಿಟಕಿಯಲ್ಲಿ ಇಡೀ ಊರಿನ ಕಣ್ಣುಗಳಿದ್ದವು. ಪುಂಡಿ ಬಾಯಿಗೂ ಬುತ್ತಿಗೂ ನಡುವೆ ನಿಂತಿತು. ಆಮೇಲೆ ಮೆಲ್ಲನೆ ಬುತ್ತಿಗೇ ಇಳಿಯಿತು.

"ನೋಡಿ!" ಅಮ್ಮಣಿಯಕ್ಕ ಕೂಗಿದಳು. "ಎದುರಿಗಿಟ್ಟುಕೊಂಡೂ ತಿನ್ನುವುದಿಲ್ಲ!"

"ಎಂಥ ಮನೋಬಲ!" ಎಂದಿತು ಮೈಕು. ಆ ಮನೋಬಲಕ್ಕೆ ಇನ್ನೂ ಪರೀಕ್ಷೆ ಬೇಡವೆಂದು ಕ್ಲಬ್ಬಿನವರು ಬುತ್ತಿಯನ್ನು ಹೊರಗೆ ಒಯ್ದು ಪುಂಡಿಯನ್ನು ತಾವೇ ತಿಂದು ಮುಗಿಸಿದರು. ಚಟ್ನಿಗೆ ಉಪ್ಪು ಸ್ವಲ್ಪ ಮುಂದಿತ್ತು ಎಂದೂ ಒಬ್ಬ ಹೇಳಿದ.

ಹೊತ್ತು ಇಳಿಯುವಾಗ ವಾರ್ಡ್ ಮೆಂಬರ್ ಸೌಮ್ಯಶ್ರೀ ಬೆವರು ಒರೆಸಿಕೊಳ್ಳುತ್ತ ನಡೆದೇ ಬಂದಳು.

"ಗುಣಪಾಲಣ್ಣ, ಈ ಸಂಕಕ್ಕೆ ನಾನು ಎಷ್ಟು ಮೀಟಿಂಗಿನಲ್ಲಿ ಗಂಟಲು ಹರ್ಕೊಂಡಿದ್ದೇನೆ ಗೊತ್ತುಂಟಾ? ಯಾರೂ ಕೇಳ್ಲಿಲ್ಲ. ನೀವು ಬಾಯಿ ಮುಚ್ಚಿ ಕೂತ್ರಿ, ಎಲ್ಲರಿಗೂ ಕೇಳಿತು!"

ಅವಳು ಫೋನನ್ನು ಮೈಕಿಗೆ ಹಿಡಿದಳು. ಪಂಚಾಯತು ಪ್ರೆಸಿಡೆಂಟರ ಗಾಬರಿಯ ಸ್ವರ ಹೊಳೆಯ ಎರಡೂ ದಡಕ್ಕೆ ಕೇಳಿತು. ಆ ಮನುಷ್ಯನನ್ನು ಮೊದಲು ಎಬ್ಬಿಸಿ, ಈ ವರ್ಷದ ಯೋಜನೆಯಲ್ಲಿ ಮೊದಲ ಕೆಲಸವೇ ನಿಮ್ಮ ಕಾಂಕ್ರೀಟ್ ಸಂಕ, ನಾಳೆಯೇ ಇಂಜಿನಿಯರರನ್ನು ಕಳುಹಿಸುತ್ತೇನೆ ಎಂದರು.

ಜನ ಕುಣಿದರು. ಹಲ್ಲಿಲ್ಲದ ಬಾಯಲ್ಲಿ ಅಮ್ಮಣಿಯಕ್ಕ ಅತ್ತಳೋ ನಕ್ಕಳೋ ತಿಳಿಯಲಿಲ್ಲ. ಗುಣಪಾಲನಿಗೂ ಎದೆಯಲ್ಲಿ ಏನೋ ತುಂಬಿ ಬಂತು. ಸೌಮ್ಯಶ್ರೀ ಕೊಟ್ಟ ನಿಂಬೆ ಶರಬತ್ತನ್ನು ಅವನು ಬಾಯಿಗಿಟ್ಟ ಆ ಗಳಿಗೆಯಲ್ಲೇ ಬೆರಳಿನ ದಾರವನ್ನು ಕೆಳಗಿನಿಂದ ಯಾರೋ ಜಗ್ಗಿದರು.

"ಬಂತು! ಬಂತು!" ಎಂದು ಅವನು ಹಾರಿದ.

"ಹೌದು, ಸಂಕ ಬಂತು!" ಎಂದು ಪೂವಪ್ಪ ಅವನನ್ನು ಎತ್ತಿಯೇ ಬಿಟ್ಟ. ದಾರ ಬೆರಳಿನಿಂದ ಜಾರಿ ಸೀಟಿನ ಕಾಲಿಗೆ ಸಿಕ್ಕಿಕೊಂಡಿತು. ಹೆಗಲಿನಿಂದ ಹೆಗಲಿಗೆ ಸಾಗುತ್ತ ಗುಣಪಾಲ, "ನನ್ನ ಗಾಳ! ಅಯ್ಯೋ, ನನ್ನ ಗಾಳ!" ಎನ್ನುತ್ತಿದ್ದ. ಜಿಂದಾಬಾದ್‌ಗಳ ನಡುವೆ ಅದೂ ಒಂದು ಘೋಷಣೆಯಾಗಿ ಹೋಯಿತು. ಜಾಥಾ ಅವನನ್ನು ಹೊತ್ತುಕೊಂಡು ಪೇಟೆಯ ಮೂಲೆಮೂಲೆ ಸುತ್ತಿತು. ಅಂಗಡಿಗಳೆಲ್ಲ ಮುಚ್ಚಿದ್ದರಿಂದ ಎಲ್ಲೂ ಒಂದು ಬನ್ನು ಕೂಡ ಸಿಗಲಿಲ್ಲ.

ಕತ್ತಲಾಗುವ ಹೊತ್ತಿಗೆ ಬರಿಗೈಯಲ್ಲಿ ಮನೆಗೆ ಬಂದವನು ಅಂಗಳದಲ್ಲೇ ನಿಂತ. ಒಳಗಿನಿಂದ ಮೀನು ಸಾರಿನ ಪರಿಮಳ ಬರುತ್ತಿತ್ತು.

"ಬನ್ನಿ ಭಾವ, ಬನ್ನಿ!" ಧನರಾಜ್ ಎಲೆಯ ಮುಂದೆ ಕುಳಿತಿದ್ದ. "ನಿಮ್ಮ ಡೇರೆ ಅಂದ್ರೆ ಡೇರೆ! ವಾಟ್ಸಾಪಿನಲ್ಲಿ ಸುದ್ದಿ ನೋಡಿ ಹೊಳೆಗೆ ಓಡಿದೆ. ಅಲ್ಲಿ ಒಂದು ಜನ ಇಲ್ಲ, ಎಲ್ಲ ಜಾಥಾದಲ್ಲಿ. ನೀವು ಬರ್ತೀರೇನೋ ಅಂತ ಒಳಗೆ ಕೂತೆ. ನೋಡಿದ್ರೆ ದಾರ ಎಳಿತಾ ಉಂಟು! ಎತ್ತಿದೆ, ಕರಿಮೀನು. ಪುನಃ ಹಾಕಿದೆ, ಪುನಃ ಒಂದು. ಸದ್ದಿಲ್ಲ, ಗದ್ದಲ ಇಲ್ಲ, ಗಾಳಿ ಬರುವ ಕಿಟಕಿ, ಸೋಫಾದಂಥ ಸೀಟು. ದುಬಾಯಿಯಲ್ಲಿ ಕೂಡ ನಾನು ಇಷ್ಟು ಸುಖದಲ್ಲಿ ಕೂತದ್ದಿಲ್ಲ. ತಲೆ ಅಂದ್ರೆ ನಿಮ್ಮದು ಭಾವ!"

ನನ್ನ ಗಾಳ, ನನ್ನ ಡೇರೆ, ಹಾಗಾದರೆ ಮೀನೂ ಹೆಚ್ಚುಕಡಿಮೆ ನನ್ನದೇ ಎಂದುಕೊಂಡ ಗುಣಪಾಲ ಕೈ ತೊಳೆದು ಬಂದು ಆಸೆಯಿಂದ ಕುಳಿತ. ಕಮಲ ಅವನ ಮುಂದೆ ಒಂದು ಬಟ್ಟಲು ಇಟ್ಟಳು. ತಿಳಿಗಂಜಿ.

"ಸಾರು?"

"ಮೆಂಬರ್ ಫೋನ್ ಮಾಡಿದ್ರು. ಉಪವಾಸ ಬಿಟ್ಟವರಿಗೆ ಇವತ್ತು ಗಂಜಿ ಮಾತ್ರ ಅಂತೆ. ಮೀನು, ಖಾರ ಕೊಟ್ರೆ ಹೊಟ್ಟೆ ಕೆಡ್ತದಂತೆ."

"ಕಮಲ, ನಾನು ಉಪವಾಸ ಕೂತದ್ದೇ ಅಲ್ಲ!"

"ಸಾಕು, ಗೊತ್ತುಂಟು. ನಿಮಗೆ ಮಾಡಿದ್ದನ್ನು ಹೇಳಿಕೊಳ್ಳುವ ಅಭ್ಯಾಸ ಇಲ್ಲ." ಕಮಲ ಅವನನ್ನು ಮದುವೆಯಾದಂದಿನಿಂದ ಹಾಗೆ ನೋಡಿರಲಿಲ್ಲ. "ಊರಿನ ಹೆಂಗಸರೆಲ್ಲ ಬಂದು ನನ್ನ ಕೈ ಹಿಡ್ಕೊಂಡು ಹೋದ್ರು. ನಾನು ಸುಮ್ಮನೆ ನಿಮ್ಮನ್ನು ಬೈತಿದ್ದೆ."

ಗುಣಪಾಲ ಸಾರಿನ ಪಾತ್ರೆಯನ್ನೊಮ್ಮೆ, ಹೆಂಡತಿಯ ಮುಖವನ್ನೊಮ್ಮೆ ನೋಡಿದ. ಮೀನು ಸಾರು ನಾಳೆಯೂ ತಿನ್ನಬಹುದು, ಈ ನೋಟ ನಾಳೆಗೆ ಉಳಿಯುತ್ತದೆಂದು ಯಾರು ಹೇಳಬೇಕು? ಅವನು ಗಂಜಿ ಎತ್ತಿ ಕುಡಿದ. ಎದುರಿಗೆ ಧನರಾಜ್ ಕರಿಮೀನಿನ ಬೆನ್ನನ್ನು ಬಿಡಿಸುತ್ತಿದ್ದ.

"ಅಲ್ಲ, ಡೇರೆ ಎಲ್ಲಿ? ಸೌದೆಯ ಮೇಲೆ ಹಾಕಿದ್ಯಾ?" ಎಂದು ಕೇಳಿದ ಗುಣಪಾಲ.

"ಛೆ, ಅದನ್ನು ಸೌದೆಗೆ ಹಾಕುವುದುಂಟಾ! ಬೆಳ್ಳೂರಿನ ಕಡೆಯವರು ಬಂದು ಕೊಂಡುಹೋದ್ರು. ಅವರಿಗೆ ರಸ್ತೆ ಆಗಬೇಕಂತೆ. ಇಷ್ಟು ಕಾಲ್ಗುಣ ಇರುವ ಪಂದಲ್ ಬೇರೆ ಇಲ್ಲ ಅಂತ ಹೇಳಿದ್ರು."

"ತಿರುಗಿ ಯಾವಾಗ ಕೊಡ್ತಾರೆ?"

"ನಿಮ್ಮ ಜೊತೆಗೇ. ಬೆಳಿಗ್ಗೆ ನಿಮ್ಮನ್ನು ಕರ್ಕೊಂಡು ಹೋಗ್ಲಿಕ್ಕೆ ಜೀಪು ಬರ್ತದೆ, ನಾನು ಒಪ್ಪಿದ್ದೇನೆ," ಎಂದಳು ಕಮಲ ಹೆಮ್ಮೆಯಿಂದ. "ಸಂಕದ ಹಾಗಲ್ಲ, ರಸ್ತೆ ದೊಡ್ಡ ಬೇಡಿಕೆ. ಮೂರು ನಾಲ್ಕು ದಿವಸ ಕೂರಬೇಕಾದೀತು ಅಂತೆ."

ಗುಣಪಾಲ ಬಾಗಿಲಿನಾಚೆ ನೋಡಿದ. ಹೊಳೆಯ ಕಡೆಯಿಂದ ಇನ್ನೂ ನಗು, ಮಾತು ಕೇಳಿಬರುತ್ತಿತ್ತು. ಸಂಕ ಎಷ್ಟು ಅಗಲ ಇರಬೇಕೆಂದು ಜನ ಈಗಲೇ ಜಗಳ ಶುರು ಮಾಡಿದ್ದರು. ಅವನು ಬಟ್ಟಲನ್ನು ಮೆಲ್ಲನೆ ಹೆಂಡತಿಯ ಕಡೆಗೆ ದೂಡಿದ.

"ಗಂಜಿ ಇನ್ನೊಂದು ಸವುಟು ಹಾಕು."