ಮೈಲಾರಪ್ಪ ಕಾಣದ ಸಿನಿಮಾ

ಮೈಲಾರಪ್ಪ ಟೂರಿಂಗ್ ಟಾಕೀಸಿನಲ್ಲಿ ನಿದ್ದೆಹೋದದ್ದೇ ಈ ಎಲ್ಲ ರಾದ್ಧಾಂತಕ್ಕೆ ಮೂಲ.

ನಿದ್ದೆ ಯಾರಿಗೆ ಬರುವುದಿಲ್ಲ ಹೇಳಿ? ಪುರಾಣ ಕೇಳುವವರಿಗೆ ಬರುತ್ತದೆ, ಒಮ್ಮೊಮ್ಮೆ ಹೇಳುವವರಿಗೂ ಬರುತ್ತದೆ. ಆದರೆ ಗಜೇಂದ್ರಗಡದ ಆ ನೇಕಾರರ ಓಣಿಯಲ್ಲಿ ಮೈಲಾರಪ್ಪನೊಬ್ಬನಿಗೆ ಸಿನಿಮಾ ನೋಡುವಾಗ ನಿದ್ದೆ ಬರಕೂಡದು. ಊರಾಚೆ ರಾಜೂರ ದಾರಿಯ ಬಯಲಿನಲ್ಲಿ ಟೆಂಟು ಎದ್ದು ಹೊಸ ಚಿತ್ರ ಬಂದರೆ, ಮೊದಲ ದಿನ ಓಣಿಯವರು ಯಾರೂ ಅತ್ತ ಹಾಯುತ್ತಿರಲಿಲ್ಲ. ಮೈಲಾರಪ್ಪ ಹೋಗಿ ನೋಡಿ ಬರಬೇಕು. ಮರುದಿನ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು, ಲಾಳಿ ಎಸೆಯುತ್ತ ಅಭಿಪ್ರಾಯ ಕೊಡಬೇಕು. ಆಮೇಲೇ ಉಳಿದವರು ಹೋಗುವುದೋ ಬಿಡುವುದೋ.

ಅವನ ಅಭಿಪ್ರಾಯಗಳೂ ಹಾಗೇ ಇರುತ್ತಿದ್ದವು. "ಹಾಡ ಭಾಳ ಆದುವು. ಹಸಿದವಗ ಬರೇ ಉಪ್ಪಿನಕಾಯಿ ಬಡಿಸಿದಂಗ ಆತು" ಎಂದನೆಂದರೆ ಆ ಚಿತ್ರದ ಕಥೆ ಮುಗಿಯಿತು. "ಅಳೂದು ಚಲೋ ಐತಿ, ಒಂದ ಸೆರಗು ಸಾಲೂದಿಲ್ಲ" ಎಂದರೆ ಹೆಂಗಸರು ಸಂಜೆಯೊಳಗೆ ರೊಟ್ಟಿ ಬಡಿದು ಮುಗಿಸಿ ತಯಾರಾಗುತ್ತಿದ್ದರು. ಬರುತ್ತಿದ್ದ ಚಿತ್ರಗಳು ಹೆಚ್ಚಾಗಿ ಹಿಂದಿಯವು. ಓಣಿಗೆ ಹಿಂದಿ ಬರುತ್ತಿರಲಿಲ್ಲ. ಮೈಲಾರಪ್ಪನಿಗೂ ಅಷ್ಟಕ್ಕಷ್ಟೇ, ಆದರೆ ಅದು ಓಣಿಗೆ ಗೊತ್ತಿರಲಿಲ್ಲ.

ಅವನ ಅಭಿಪ್ರಾಯವನ್ನು ಕೇಳದಿದ್ದ ಒಂದೇ ಜೀವವೆಂದರೆ ಅವನ ಹೆಂಡತಿ ದ್ರಾಕ್ಷಾಯಣಿ. ಮಗ್ಗದ ಪಕ್ಕದಲ್ಲೇ ಕೂತು ರಾಟಿ ತಿರುಗಿಸುತ್ತ ಲಾಳಿಯೊಳಗಿನ ಕಂಡಿಕಿಗೆ ನೂಲು ಸುತ್ತುವವಳು ಅವಳು. ಮದುವೆಯಾದಾಗಿನಿಂದ ಅವನು ಕರೆದದ್ದಕ್ಕೆ ಲೆಕ್ಕವಿಲ್ಲ. "ನೆಳ್ಳು ನೋಡಾಕ ಅಷ್ಟ ದೂರ ಯಾಕ ಹೋಗಬೇಕು? ನಮ್ಮ ಗ್ವಾಡಿ ಮ್ಯಾಲೂ ಬೀಳ್ತಾವ" ಎನ್ನುತ್ತಿದ್ದಳು. ಊರಿಗೆಲ್ಲ ಸಿನಿಮಾ ಹೇಳುವವನಿಗೆ ಮನೆಯಲ್ಲಿ ಅದರ ಬಗ್ಗೆ ಎರಡು ಮಾತಾಡಲು ಜನವಿಲ್ಲ. ಇದು ಅವನಿಗಿದ್ದ ಒಂದೇ ಕೊರಗು. ಒಮ್ಮೆ ಅವಳು ಬರಲಿ, ಹೆಂಗಸರ ಕಡೆ ಕೂತು ನೋಡಲಿ, ಮನೆಗೆ ಬಂದು "ಅವ ಹಂಗ ಮಾಡಬಾರದಿತ್ತು ನೋಡ್ರಿ" ಎಂದು ಒಂದು ಮಾತು ಅನ್ನಲಿ. ಅಷ್ಟು ಸಾಕಿತ್ತು.

ಸಾವಕಾರ ಈಶಪ್ಪನ ಮಗಳ ಮದುವೆ ಸೀರೆ ಮಗ್ಗದ ಮೇಲಿತ್ತು. ಅದನ್ನು ಮುಗಿಸುವ ಅವಸರದಲ್ಲಿ ಮೈಲಾರಪ್ಪ ನಸುಕಿನಲ್ಲೇ ಎದ್ದು ನೇಯುತ್ತಿದ್ದ. ಹೊಸ ಚಿತ್ರ ಬಂದ ದಿನ ಟೆಂಟಿನ ಉಸುಕಿನ ಮೇಲೆ ಕೂತ. ತಣ್ಣಗೆ ಗಾಳಿ ಬೀಸುತ್ತಿತ್ತು. ಪರದೆಯ ಮೇಲೆ ಹೆಸರುಗಳು ಬಂದವು. ಆಮೇಲೆ ಅವನಿಗೆ ಕಂಡದ್ದು ಮ್ಯಾನೇಜರ್ ಅಂದಾನಪ್ಪನ ಮುಖ. "ಏಳ್ರಿ, ಸಿನಿಮಾ ಮುಗದ ಹೋತು" ಎನ್ನುತ್ತಿದ್ದ.

ಬೆಳಗಾಯಿತು. ಮೊದಲು ಬಂದವಳು ಎದುರುಮನೆಯ ಮುದುಕವ್ವ. ಹೊಸ್ತಿಲ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತ ಕೇಳಿದಳು.

"ತಮ್ಮಾ, ಹ್ಯಾಂಗ ಐತೊ ಸಿನಿಮಾ?"

"ಐತಿ ಆಯಿ, ಪರವಾಗಿಲ್ಲ."

"ಪರವಾಗಿಲ್ಲ ಅಂದ್ರ ಏನ ತಿಳೀಬೇಕು? ಅತ್ತಿ ಹ್ಯಾಂಗ ಅದಾಳ?"

ಮುದುಕವ್ವ ಯಾವ ಚಿತ್ರವನ್ನಾದರೂ ಅಳೆಯುವುದು ಅದರಲ್ಲಿಯ ಅತ್ತೆಯಿಂದ. ನಿದ್ದೆ ಮಾಡಿದೆ ಎಂದುಬಿಟ್ಟರೆ ಓಣಿಯಲ್ಲಿ ಇಷ್ಟು ವರ್ಷ ಗಳಿಸಿದ ಮಾನ ಆ ಸುಣ್ಣದ ಡಬ್ಬಿಯೊಳಗೇ ಹೋಗುತ್ತದೆ. ಮೈಲಾರಪ್ಪ ಲಾಳಿ ಎಸೆದ.

"ಅತ್ತಿ ಬಂಗಾರದಂಥಾಕಿ ಆಯಿ. ಮನಿಯೆಲ್ಲಾ ಆಕಿ ಮಾತಿನ ಮ್ಯಾಲ ನಡೀತೈತಿ."

"ಹಂಗಿರಬೇಕು ನೋಡು!" ಎಂದು ಮುದುಕವ್ವ ಎದ್ದು ಹೋದಳು.

ಅವಳು ಅತ್ತ ಹೋದದ್ದೇ ತಡ, ಅವಳ ಸೊಸೆ ಚನ್ನವ್ವ ಕೊಡ ಹೊತ್ತು ಬಂದು ನಿಂತಳು. ದನಿ ಇಳಿಸಿ, "ಅಣ್ಣಾ, ಸೊಸಿ ಬರೇ ಬೈಸ್ಕೊಂಡು ಅಳತಾಳೇನು?" ಎಂದಳು.

"ಛೇ ಛೇ! ಕೊನೀಗೆ ಮನಿ ಕೀಲಿಕೈ ಸೊಸಿ ಟೊಂಕಕ್ಕ ಬರತೈತಿ ತಂಗಿ."

ಚನ್ನವ್ವ ಅಲ್ಲೇ ಕೊಡ ಇಳಿಸಿ, ಪಕ್ಕದ ಮನೆಗೆ ಸುದ್ದಿ ಹೇಳಲು ಓಡಿದಳು. ಅಷ್ಟರಲ್ಲಿ ಸೀರೆ ಎಷ್ಟಾಯಿತೆಂದು ನೋಡಲು ಈಶಪ್ಪ ಬಂದ. ಅವನು ದೈವಭಕ್ತ. ದೇವರಿಲ್ಲದ ಚಿತ್ರಕ್ಕೆ ಹೋಗುವವನಲ್ಲ.

"ದೇವರು ಬರತಾನೇನೋ ಮೈಲಾರಪ್ಪ?"

ಸೀರೆಯ ಮಾತು ಬಿಟ್ಟು ದೇವರ ಮಾತು ಬಂದದ್ದೇ ಪುಣ್ಯವೆಂದು ಮೈಲಾರಪ್ಪ ಧಾರಾಳವಾದ. "ಬರ್ತಾನ್ರಿ ಸಾವಕಾರ್ರ. ಆನಿ ಮ್ಯಾಲ ಕುಂತ ಬರ್ತಾನ. ಆ ಆನಿ ಬಲಗಾಲಾಗ ಬೆಳ್ಳಿ ಗೆಜ್ಜಿ ಬ್ಯಾರೆ."

"ಹಂಗಾರ ಮನಿಮಂದೀನೆಲ್ಲಾ ಕರಕೊಂಡು ಹೋಗೂದs!" ಎಂದು ಈಶಪ್ಪ ಅಲ್ಲಿಂದಲೇ ಕೈಮುಗಿದು ಹೊರಟ.

ಎಲ್ಲರೂ ಹೋದ ಮೇಲೆ ಮೈಲಾರಪ್ಪ ಮತ್ತೆ ಲಾಳಿ ಕೈಗೆತ್ತಿಕೊಂಡ. ಆಗ ಗಮನಕ್ಕೆ ಬಂತು, ಪಕ್ಕದ ರಾಟಿಯ ಸಪ್ಪಳ ನಿಂತಿದೆ.

"ಗಂಡನ ಸುದ್ದೀನ ಹೇಳಲಿಲ್ಲಲ್ರಿ" ಎಂದಳು ದ್ರಾಕ್ಷಾಯಣಿ. ನೂಲಿನ ತುದಿ ಬೆರಳಲ್ಲೇ ಇತ್ತು. "ಅತ್ತಿ ಬಂದ್ಲು, ಸೊಸಿ ಬಂದ್ಲು, ದೇವರೂ ಬಂದ. ಆ ಹೆಣ್ಮಗಳ ಗಂಡ ಎಂಥಾವ?"

ಮದುವೆಯಾದ ಮೇಲೆ ಅವಳು ಸಿನಿಮಾದ ಬಗ್ಗೆ ಕೇಳಿದ ಮೊದಲ ಪ್ರಶ್ನೆ ಅದು. ಮೈಲಾರಪ್ಪ ಲಾಳಿಯನ್ನು ಕೆಳಗಿಟ್ಟ. ಏನು ಹೇಳಬೇಕೆಂದು ಹುಡುಕುವ ಮೊದಲೇ ಮಾತು ಬಾಯಿಗೆ ಬಂದುಬಿಟ್ಟಿತ್ತು.

"ಅವ... ಕೆಟ್ಟಾಂವ ಅಲ್ಲ. ಊರಿಗೆಲ್ಲಾ ಮಾತು ಹಂಚತಾನ, ಮನಿಯಾಗ ಮೂಕ. ಹೆಂಡ್ತಿ ಮಗ್ಗಲಕ್ಕs ಕುಂತು ದುಡೀತಾಳ, ಒಂದ ದಿನಾ ಚಲೋ ಅಂದಿಲ್ಲ. ಒಮ್ಮಿ ಆಕಿ ತವರಿಗೆ ಹೋಗ್ತಾಳ. ಅವ ಕೆಲಸಕ್ಕ ಕುಂದರ್ತಾನ, ಕೈ ಓಡಂಗಿಲ್ಲ. ಬಾಜೂಕ ನೋಡ್ತಾನ, ಯಾರೂ ಇಲ್ಲ. ಎದ್ದು ಬಿಸಲಾಗ ನಡಕೊಂತ ಆಕಿ ತವರಿಗೆ ಹೋಗ್ತಾನ. ಅಣ್ಣಗೋಳ ಮುಂದ ನಿಂತು, 'ಈಕಿ ಇಲ್ದ ನನ್ನ ಕೈ ನಡೆಯೂದಿಲ್ಲ, ಕಳಸ್ರಿ' ಅಂತಾನ."

ದ್ರಾಕ್ಷಾಯಣಿ ಬೆರಳಲ್ಲಿದ್ದ ನೂಲನ್ನು ಕಂಡಿಕಿಗೆ ಸುತ್ತಿಟ್ಟಳು. ಆಮೇಲೆ ಎದ್ದು ಒಳಗೆ ಹೋಗುತ್ತ, "ಇವತ್ತ ಸಂಜಿಮುಂದ ನಾನೂ ಬರ್ತೀನಿ" ಎಂದಳು.

ಮೈಲಾರಪ್ಪನಿಗೆ ಕುಣಿಯಿಂದ ಎದ್ದು ಕುಣಿಯಬೇಕೆನಿಸಿತು. ಮರುಗಳಿಗೆಯೇ ದಿಗಿಲು ಹತ್ತಿತು. ಅಲ್ಲಿ ಇಂಥ ಗಂಡನೇ ಇಲ್ಲದಿದ್ದರೆ? ಇವತ್ತು ಬಂದು ಮೋಸಹೋದವಳು ಜನ್ಮದಲ್ಲಿ ಮತ್ತೆ ಬರುತ್ತಾಳೆಯೇ?

ಊಟ ಬಿಟ್ಟು ಎದ್ದ. ನೆತ್ತಿ ಸುಡುವ ಬಿಸಿಲಲ್ಲಿ ಟೆಂಟಿಗೆ ಓಡಿದ. ಅಂದಾನಪ್ಪ ನೆರಳಲ್ಲಿ ಕೂತು ಚಹಾ ಕುಡಿಯುತ್ತಿದ್ದ.

"ಮ್ಯಾನೇಜರ್ರ, ನಿನ್ನೀ ಚಿತ್ರದಾಗ ಏನೈತ್ರಿ?"

"ನಿನ್ನೆ ಮುಂದಿನ ಸಾಲಿನಾಗs ಕುಂತಿದ್ರಲ್ಲಾ?"

"ಕುಂತಿರಲಿಲ್ರಿ, ಮಲಗಿದ್ದೆ. ಅತ್ತಿ ಸೊಸಿ ಅದಾರೇನ್ರಿ?"

"ಎಲ್ಲೀ ಅತ್ತಿ! ಕುದರಿ, ಕತ್ತಿ, ಕಳ್ಳರು. ಶುರುದಿಂದ ಕೊನೀತನಕಾ ಬಡದಾಟ. ಒಬ್ಬಾಕಿ ರಾಜಕುಮಾರಿ ಅದಾಳ, ಆಕೀನೂ ಕತ್ತಿ ಹಿಡಿದs ನಿಂತಿರ್ತಾಳ."

"ದೇವರು? ಆನಿ?"

"ಕುದರಿ ಬೇಕಾದಷ್ಟ ಅದಾವು."

"ನಿಮ್ಮ ಕಾಲ ಬೀಳ್ತೀನ್ರಿ, ಇವತ್ತ ಬ್ಯಾರೆ ಚಿತ್ರ ಹಾಕ್ರಿ."

"ರೋಣದಾಗ ತೋರಿಸಿದ್ದನ್ನs ಇಲ್ಲಿಗೆ ತಂದೀನಿ. ಬ್ಯಾರೆ ಚಿತ್ರದ ಪೆಟಿಗಿ ನರಗುಂದದಾಗ ಐತಿ, ಅದು ನಾಳೆ ಬಸ್ಸಿಗೆ ಬರಬೇಕು" ಎಂದು ಅಂದಾನಪ್ಪ ಉಳಿದ ಚಹಾ ಬಶಿಗೆ ಬಗ್ಗಿಸಿಕೊಂಡ.

ಹೊಟ್ಟೆ ನೋವೆಂದು ಹೇಳಿ ಹೋಗುವುದನ್ನೇ ತಪ್ಪಿಸೋಣ ಎಂದುಕೊಂಡು ಮೈಲಾರಪ್ಪ ಮನೆಗೆ ಬಂದ. ಬಂದರೆ ದ್ರಾಕ್ಷಾಯಣಿ ತಲೆ ಬಾಚಿಕೊಂಡು, ಹೂ ಮುಡಿದು ನಿಂತಿದ್ದಾಳೆ. ಉಟ್ಟದ್ದು ಮದುವೆಯಾದ ಹೊಸತರಲ್ಲಿ ಅವನೇ ಅವಳಿಗೆಂದು ನೇಯ್ದ ಹಸಿರು ಸೀರೆ. ಅಂಥವಳ ಮುಂದೆ ಹೊಟ್ಟೆ ನೋಯಿಸಿಕೊಳ್ಳುವುದು ಅವನಿಂದ ಆಗಲಿಲ್ಲ. "ಹೋಗೂಣಂತ" ಎಂದ.

ಓಣಿಗೆ ಓಣಿಯೇ ಎದ್ದು ಟೆಂಟಿಗೆ ನಡೆಯಿತು. ಈಶಪ್ಪ ಮನೆಮಂದಿಯನ್ನೆಲ್ಲ ಚಕ್ಕಡಿಯಲ್ಲಿ ತುಂಬಿಕೊಂಡು ಬಂದಿದ್ದ. ನಡುವೆ ಕಟ್ಟಿದ ಅರಿವೆಯ ಆ ಕಡೆ ಹೆಂಗಸರು, ಈ ಕಡೆ ಗಂಡಸರು. ದೀಪ ಆರಿತು. ಪರದೆಯ ಮೇಲೆ ಕುದುರೆಗಳು ಧೂಳೆಬ್ಬಿಸಿಕೊಂಡು ಓಡಿದವು. ಒಬ್ಬನು ಇನ್ನೊಬ್ಬನ ಪೇಟ ಹಾರಿಸಿದ. ಅವನ ಪೇಟವನ್ನು ಮತ್ತೊಬ್ಬ ಹಾರಿಸಿದ.

ಜನ ಸ್ವಲ್ಪ ಹೊತ್ತು ತಾಳ್ಮೆಯಿಂದ ಕಾದರು. ಕೊನೆಗೆ ಹೆಂಗಸರ ಕಡೆಯಿಂದ ಮುದುಕವ್ವನ ದನಿ ಎದ್ದಿತು. "ಏ ಮ್ಯಾನೇಜರಾ, ಅತ್ತಿ ಎಲ್ಲೆದಾಳೋ?"

"ಸೊಸಿ ಎಲ್ಲಿ?" ಎಂದಳು ಚನ್ನವ್ವ.

"ದೇವರನ್ನ ಕತ್ತರಿಸಿ ತಗದಾನ್ರೋ!" ಎಂದು ಈಶಪ್ಪ ಎದ್ದು ನಿಂತ. "ಗೆಜ್ಜಿ ಕಟ್ಟಿದ ಆನಿ ನಿನ್ನೆ ಇತ್ತು, ಇವತ್ತ ಎಲ್ಲಿ ಹೋತು?"

ಗದ್ದಲ ಹಬ್ಬಿತು. ಯಾರೋ ಟೆಂಟಿನ ಹಗ್ಗ ಜಗ್ಗಿದರು. ಅಂದಾನಪ್ಪ ದೀಪ ಹಚ್ಚಿಸಿ ಓಡಿಬಂದ. "ನಿನ್ನೆ ನೋಡಿದವರನ್ನ ಕೇಳ್ರಿ, ಇದs ಚಿತ್ರ!" ಎಂದು ಬಾಯಿ ಬಡಿದುಕೊಂಡ.

"ನಿನ್ನೆ ನೋಡಿದಾಂವ ಇಲ್ಲೇ ಅದಾನ!" ಎಂದು ನಾಲ್ಕು ಜನ ಮೈಲಾರಪ್ಪನನ್ನು ಎತ್ತಿ ಪರದೆಯ ಮುಂದೆ ನಿಲ್ಲಿಸಿದರು.

ಮೈಲಾರಪ್ಪ ನಿಂತ. ಎದುರಿಗೆ ಇಡೀ ಓಣಿ. ಪಕ್ಕದಲ್ಲಿ ಕೈಮುಗಿದು ನಿಂತ ಅಂದಾನಪ್ಪ. ಅರಿವೆಯಾಚೆ ಹಸಿರು ಸೀರೆಯುಟ್ಟು ತನ್ನನ್ನೇ ನೋಡುತ್ತಿರುವ ದ್ರಾಕ್ಷಾಯಣಿ. ಅವಳ ಮುಂದೆ ಇನ್ನೊಂದು ಸುಳ್ಳು ಹೇಳಲು ಅವನಿಗೆ ಮನಸ್ಸಾಗಲಿಲ್ಲ. ತಪ್ಪಿಲ್ಲದ ಮ್ಯಾನೇಜರನ ಟೆಂಟು ತನ್ನಿಂದ ಹರಿಯುವುದೂ ಬೇಡವಾಗಿತ್ತು.

"ಮ್ಯಾನೇಜರ್ದು ಏನೂ ತಪ್ಪಿಲ್ರಿ" ಎಂದ. "ನಿನ್ನೆ ನಾ ನಿದ್ದಿ ಮಾಡಿದೆ. ಅತ್ತಿ, ಸೊಸಿ, ದೇವರು, ಆನಿ ಎಲ್ಲಾ ನಾನs ಹುಟ್ಟಿಸಿ ಹೇಳಿದ್ದು."

ಮೊದಲು ಚೇತರಿಸಿಕೊಂಡವಳು ಮುದುಕವ್ವ.

"ನೋಡ್ರೆವ್ವಾ ಇವನ ಗುಣಾ! ಮಂದಿ ತಪ್ಪನ್ನ ತನ್ನ ತಲಿಮ್ಯಾಲ ಹಾಕ್ಕೊಳ್ಳಾಕತ್ಯಾನ!"

"ಹೌದಲ್ಲ ಮತ್ತ!" ಎಂದ ಈಶಪ್ಪ. "ನಿದ್ದಿ ಮಾಡಿದವಗ ಆನಿ ಬಲಗಾಲಾಗ ಗೆಜ್ಜಿ ಇತ್ತು ಅಂತ ಹ್ಯಾಂಗ ಗೊತ್ತಾಗಬೇಕು?"

"ಇಲ್ರಿ, ಖರೇನ ಮಲಗಿದ್ದೆ! ಆನಿ ಇರಲೇ ಇಲ್ಲ!" ಎಂದು ಮೈಲಾರಪ್ಪ ಆಣೆ ಮಾಡಿದ. ಅವನು ಎಷ್ಟು ಆಣೆ ಮಾಡಿದನೋ ಅಷ್ಟು ದೊಡ್ಡವನಾಗುತ್ತ ಹೋದ. ಕೊನೆಗೆ ಜೀವ ಉಳಿದರೆ ಸಾಕೆಂದು ಅಂದಾನಪ್ಪನೇ ಒಪ್ಪಿಕೊಂಡುಬಿಟ್ಟ. "ತಪ್ಪಾತ್ರಿ. ಕತ್ತರಿಸಿದ್ದನ್ನೆಲ್ಲಾ ಜೋಡಿಸಿ ತೋರಿಸ್ತೀನಿ" ಎಂದ. ಜನ ಸಮಾಧಾನವಾಗಿ ಎದ್ದರು. ಅಂದಾನಪ್ಪ ಮಾತ್ರ ಮೈಲಾರಪ್ಪನ ಅಂಗಿ ಹಿಡಿದು ಕಿವಿಯಲ್ಲಿ ಕೇಳಿದ: "ಅಲ್ಲೋ ಮಾರಾಯಾ, ನಾ ಆನಿ ಎಲ್ಲಿಂದ ತರ್ಲಿ?"

ಗಂಡ ಹೆಂಡತಿ ಮನೆಯ ದಾರಿ ಹಿಡಿದರು. ಇನ್ನೂ ಊರ ಮನೆಗಳಲ್ಲಿ ಊಟದ ಹೊತ್ತು. ಕಂದೀಲು ದ್ರಾಕ್ಷಾಯಣಿಯ ಕೈಯಲ್ಲಿತ್ತು. ಮೈಲಾರಪ್ಪ ತಲೆ ತಗ್ಗಿಸಿ ನಡೆಯುತ್ತಿದ್ದ.

"ಖರೇನ ಮಲಗಿದ್ರೇನ್ರಿ?"

"ಖರೇ. ನೀನರ ನಂಬು."

"ನಂಬೀನಿ. ಸುಳ್ಳ ಹೇಳುಮುಂದ ನಿಮ್ಮ ದನಿ ಏರತೈತಿ. ಮುಂಜಾನಿ ಅತ್ತಿ ಬಂದಾಗ ಏರಿತ್ತು. ಆನಿ ಬಂದಾಗಂತೂ ಭಾಳ ಏರಿತ್ತು." ಅವಳು ಕಂದೀಲು ಎತ್ತಿ ಅವನ ಮುಖ ನೋಡಿದಳು. "ಆ ಗಂಡ ಬಂದಾಗ ಏರಲಿಲ್ಲ. ಅವ ಯಾರ್ರಿ?"

ಮೈಲಾರಪ್ಪನ ಕಾಲು ನಿಂತವು. "ನಾನs" ಎಂದ. ಇಷ್ಟು ವರ್ಷ ಪಕ್ಕದಲ್ಲೇ ಕೂತಿದ್ದವಳಿಗೆ ಹೇಳಬೇಕಾದ ಮಾತನ್ನು ಸಿನಿಮಾದ ಹೆಸರಿನಲ್ಲಿ ಹೇಳಬೇಕಾಯಿತಲ್ಲ ಎಂದು ಅವನ ಕಣ್ಣು ಒದ್ದೆಯಾಯಿತು. ದ್ರಾಕ್ಷಾಯಣಿಯ ಕಣ್ಣೂ ಒದ್ದೆಯಾಗಿತ್ತು. ಕಂದೀಲನ್ನು ಈ ಕೈಯಿಂದ ಆ ಕೈಗೆ ಬದಲಿಸಿ ಅವನಿಗೆ ಹತ್ತಿರವಾಗಿ ನಡೆದಳು. ಎಲ್ಲ ಸುಖವಾಗಿ ಮುಗಿಯಿತೆಂದು ಮೈಲಾರಪ್ಪ ಅಂದುಕೊಂಡ.

"ನಾಳೆ ಮುಂಜಾನೆದ್ದು ನಾ ಪುರ್ತಗೇರಿಗೆ ಹೋಗ್ತೀನ್ರಿ" ಎಂದಳು ದ್ರಾಕ್ಷಾಯಣಿ.

"ತವರಿಗ್ಯಾಕ? ಸಿಟ್ಟ ಬಂತೇನು?"

"ಸಿಟ್ಟ ಯಾಕ ಬರ್ತೈತಿ? ಹೋದಾಗೊಮ್ಮಿ ವೈನಿಗೋಳು ಕೇಳ್ತಾರ, ನಿನ್ನ ಗಂಡ ನಿನ್ನ ಕೂಡ ಮಾತಾಡ್ತಾನೋ ಇಲ್ಲೋ ಅಂತ. ನೀವು ನಡಕೊಂತ ಬರ್ರಿ. ನಮ್ಮ ಅಣ್ಣಗೋಳ ಮುಂದ ನಿಂತು ಹೇಳ್ರಿ."

"ಅದನ್ನ ಇಲ್ಲೇ ಹೇಳ್ತೀನಲ್ಲ! ಈಗs ಹೇಳ್ಲೇನು?"

"ಇಲ್ಲಿ ಯಾರ ಕೇಳಬೇಕ್ರಿ?"

"ಸಾವಕಾರ್ರ ಸೀರಿ ಇನ್ನೂ ಮುಗದಿಲ್ಲ..."

"ನಾ ಇಲ್ದ ನಿಮ್ಮ ಕೈ ಹ್ಯಾಂಗೂ ಓಡೂದಿಲ್ಲಲ್ಲ" ಎಂದಳು ಅವಳು.

ಮೈಲಾರಪ್ಪ ಕೊನೆಯ ದಾರಿ ಹುಡುಕಿದ. "ಚಕ್ಕಡಿ ಹೊಡಕೊಂಡು ಬರ್ಲೇನು?"

"ಚಕ್ಕಡಿಯಾಗ ಬಂದ್ರ ಬಾಗಲಾ ತಗ್ಯಂಗಿಲ್ಲ."

ಮರುದಿನ ಅವಳು ಗಂಟು ಕಟ್ಟಿಕೊಂಡು ಹೊರಟಾಗ ಮುದುಕವ್ವ ಅಡ್ಡ ಬಂದು ಕೇಳಿದ್ದಾಳೆ. ಗಂಡ ನಡೆದು ಬಂದು ಅಣ್ಣಂದಿರ ಮುಂದೆ ಹೇಳುವುದಿದೆ ಎಂಬುದನ್ನೂ ಸೇರಿಸಿ ಇವಳು ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದಾಳೆ. ಬಿಸಿಲೇರಿದ ಮೇಲೆ ಮೈಲಾರಪ್ಪ ಆಡಬೇಕಾದ ಮಾತನ್ನು ಬಾಯಿಪಾಠ ಮಾಡುತ್ತ ಪುರ್ತಗೇರಿಯ ದಾರಿ ಹಿಡಿದ. ಹಿಂದೆ ಗಲಗಲ ಕೇಳಿ ತಿರುಗಿದರೆ, ಮುದುಕವ್ವ, ಚನ್ನವ್ವ, ಮನೆಮಂದಿ ತುಂಬಿದ ಈಶಪ್ಪನ ಚಕ್ಕಡಿ, ಅದರ ಹಿಂದೆ ಇಡೀ ಓಣಿ.

"ನಡಿ ತಮ್ಮಾ, ನಡಿ" ಎಂದು ಮುದುಕವ್ವ ಕೂಗಿದಳು. "ಮ್ಯಾನೇಜರ ಎಲ್ಲಾನೂ ಕತ್ತರಿಸಿದ, ಇದನ್ನ ಕತ್ತರಿಸೋದು ಅವನಪ್ಪನ ಕೈಲೂ ಆಗೂದಿಲ್ಲ. ಜೋರಲೇ ಹೇಳಬೇಕ ನೋಡು ಮತ್ತ. ಹಿಂದ ಕುಂತವರಿಗೂ ಕೇಳಬೇಕು!"